ಅಕ್ಕನ ತಲೆಯ ಮೇಲಿನ ಆಣೆ

ಕುಡಿತ ಬಿಡಿಸಲು ನಮ್ಮ ಕಡೆಯ ಜನ ಡಾಕ್ಟರ ಬಳಿಗೆ ಹೋಗುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ಬೈದು ನೋಡುತ್ತಾರೆ, ಅತ್ತು ನೋಡುತ್ತಾರೆ, ಯಾವುದಕ್ಕೂ ಬಗ್ಗದಿದ್ದರೆ ಆಣೆ ಮಾಡಿಸುತ್ತಾರೆ. ಸೊರಬದ ಗಂಗಾಶ್ರೀಯೂ ತಮ್ಮ ಮಹಾಂತೇಶನಿಂದ ಆಣೆ ಮಾಡಿಸಿದಳು. ಸೋಮವಾರ ಬೆಳಿಗ್ಗೆ ಶಿಕಾರಿಪುರದ ಅವನ ಮನೆಗೆ ಹೋಗಿ ಸ್ನಾನ ಮಾಡಿಸಿ, ಎಡಗೈಯಲ್ಲಿ ಇಷ್ಟಲಿಂಗ ಹಿಡಿಸಿ, ಬಲಗೈಯನ್ನು ತನ್ನ ನೆತ್ತಿಯ ಮೇಲೆ ಇರಿಸಿಕೊಂಡು ಒಂದೊಂದೇ ಮಾತು ಹೇಳಿಕೊಟ್ಟಳು. "ಅಮಲು ಬರೋ ಯಾವ ಪದಾರ್ಥನೂ ಮುಟ್ಟಲ್ಲ. ಮುಟ್ಟಿದ್ರೆ ನಮ್ಮಕ್ಕ ಸತ್ತಂಗೆ." ಅವನು ಹೇಳಿದ. ಹೇಳುವಾಗ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಅವಳ ತಲೆಯೂ ಅಲುಗಾಡಿತು.

ಮಹಾಂತೇಶನಿಗೆ ಶಿಕಾರಿಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಅಂಜನಾಪುರದ ಕಡೆಯ ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ತಂದು ಹಾಕುತ್ತಿದ್ದರು. ಅವನು ಹಳೆಯ ತಾಮ್ರದ ತಂತಿ ಬಿಚ್ಚಿ, ಹೊಸದನ್ನು ಎಣಿಸಿ ಎಣಿಸಿ ಸುತ್ತುತ್ತಿದ್ದ. ಕೆಲಸದಲ್ಲಿ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಆದರೆ ನಾಲ್ಕು ವರ್ಷದಿಂದ ಅವನಿಗೊಂದು ಭಯ ಹಿಡಿದಿತ್ತು. ಫೋನ್ ರಿಂಗಾದರೆ ಸಾಕು, ಎದೆ ಡವಡವ, ಅಂಗೈಯೆಲ್ಲ ಬೆವರು, ಈಗಲೇ ಸತ್ತೆ ಅನ್ನಿಸುವುದು. ಒಂದು ಕ್ವಾರ್ಟರ್ ಒಳಗೆ ಹೋದರೆ ಎದೆ ತಣ್ಣಗಾಗಿ ಕೈ ನಿಲ್ಲುತ್ತಿತ್ತು. ಒಂದು ಎರಡಾಯಿತು, ಸಂಜೆಯದು ಬೆಳಿಗ್ಗೆಗೇ ಬಂತು. ಎಷ್ಟು ಕುಡಿಯುತ್ತೀಯ ಎಂದು ಓಣಿಯವರೆಲ್ಲ ಕೇಳಿದರು. ಯಾಕೆ ಕುಡಿಯುತ್ತೀಯ ಎಂದು ಗಂಗಾಶ್ರೀ ಕೂಡ ಕೇಳಿರಲಿಲ್ಲ.

ಅವಳಿಗೆ ಅದಕ್ಕೆ ಪುರಸೊತ್ತೂ ಇರಲಿಲ್ಲ ಅನ್ನಿ. ಮಗಳು ಚೈತ್ರಶ್ರೀಗೆ ಶಿಕಾರಿಪುರದಿಂದ ಸಂಬಂಧ ಬಂದಿತ್ತು. ಗಂಡಿನ ಮನೆಯವರು ಈಚೆಗಷ್ಟೇ ಮಹಾಂತೇಶನ ಅಂಗಡಿಯ ಬೀದಿಗೆ ಬಂದವರು, ಅವನ ಕುಡಿತ ಇನ್ನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹೆಣ್ಣಿನ ಸೋದರಮಾವ ಹಾಡಹಗಲೇ ತೂರಾಡುವುದನ್ನು ಅವರು ಕಂಡರೆ ಮುಗಿದೇ ಹೋಯಿತು. ಆ ಭಾನುವಾರ ಅವರು ಹೆಣ್ಣು ನೋಡಲು ಬರುವವರಿದ್ದರು. ಸೋಮವಾರ ಆಣೆ ಮಾಡಿಸಿದ್ದು ಅದಕ್ಕೆ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ತನಗೆ ತಾನೂ ಹೇಳಿಕೊಳ್ಳಲಿಲ್ಲ. ತಾಯಿ ತೀರಿಕೊಂಡಾಗ ಏಳು ವರ್ಷದವನಾಗಿದ್ದ ತಮ್ಮನನ್ನು ಸಾಕಿ ಬೆಳೆಸಿದವಳು ತಾನು, ಅವನು ಉಳಿಯಲಿ ಎಂದೇ ತಲೆ ಒಡ್ಡಿದೆ ಎಂದು ನಂಬಿಕೊಂಡಳು. ತನ್ನ ಬಗ್ಗೆ ತಾನು ಒಳ್ಳೆಯದನ್ನು ನಂಬುವುದು ಯಾರಿಗೂ ಕಷ್ಟವಲ್ಲ.

ಮಹಾಂತೇಶ ಆಣೆ ಉಳಿಸಿಕೊಂಡ. ಅನಾಹುತವಾದದ್ದು ಅದರಿಂದಲೇ. ಬುಧವಾರ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಬರಿಗೈಯಲ್ಲಿ ಗೋಡೆ ಸವರತೊಡಗಿದ. ಗುರುವಾರ ಅಂಗಡಿಯಲ್ಲೇ ಫಿಟ್ಸ್ ಬಂದು, ನಾಲಗೆ ಕಚ್ಚಿಕೊಂಡು ಬಿದ್ದ. ಪಕ್ಕದ ಅಂಗಡಿಯವರು ಆಂಬುಲೆನ್ಸ್ ಕರೆಸಿ ಶಿವಮೊಗ್ಗಕ್ಕೆ ಸಾಗಿಸಿದರು. ಆರು ದಿನ ಆಸ್ಪತ್ರೆಯಲ್ಲಿ ಮಲಗಿದ.

ಅಲ್ಲಿಯ ಡಾಕ್ಟರು ಗಂಗಾಶ್ರೀಯನ್ನು ವಾರ್ಡಿನ ಹೊರಗೆ ಕರೆದರು. "ದಿನಾ ಇಷ್ಟು ಕುಡಿಯೋರು ಔಷಧಿ ಇಲ್ಲದೆ ಒಂದೇ ಸಲ ಬಿಟ್ರೆ ಜೀವಕ್ಕೇ ಕುತ್ತು ಬರುತ್ತಮ್ಮ. ಬಿಡಿಸೋಕೆ ಮುಂಚೆ ನಮ್ಮ ಹತ್ರ ಬರಬೇಕಿತ್ತು," ಎಂದರು. ಅವಳು ತಲೆಯಾಡಿಸಿದಳು. ಆಣೆಯ ವಿಷಯ ಬಾಯಿ ಬಿಡಲಿಲ್ಲ. ಗಂಡಿನ ಕಡೆಯವರಿಗೆ ತಮ್ಮನಿಗೆ ಟೈಫಾಯಿಡ್ ಎಂದು ಹೇಳಿ, ಹೆಣ್ಣು ನೋಡುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕಿಸಿದಳು.

ಡಿಸ್ಚಾರ್ಜ್ ಆದ ಮೇಲೆ ಅವನನ್ನು ಸೊರಬಕ್ಕೆ ಕರೆತಂದಳು. ಶಿಕಾರಿಪುರದವರ ಕಣ್ಣು ತಪ್ಪಿಸಿದಂತೆಯೂ ಆಯಿತು. ಸೊರಬಕ್ಕೆ ಪ್ರತಿ ಮಂಗಳವಾರ ಅಶ್ವಿನಿ ಎಂಬ ಮನೋವೈದ್ಯೆ ಬರುತ್ತಿದ್ದರು. ಸೆರಗಿನಿಂದ ಮುಖ ಮರೆ ಮಾಡಿಕೊಂಡೇ ಗಂಗಾಶ್ರೀ ಅಲ್ಲಿ ಸಾಲಿನಲ್ಲಿ ಕೂತಳು.

"ಭಯ ಮೊದಲು ಬಂತೋ, ಕುಡಿತ ಮೊದಲು ಬಂತೋ?" ಡಾಕ್ಟರು ಮಹಾಂತೇಶನನ್ನು ಕೇಳಿದರು.

"ಭಯಾನೇ ಮೊದ್ಲು ಬಂತ್ರೀ ಮೇಡಂ," ಎಂದ. ಹೇಳಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತ. ಪಕ್ಕದಲ್ಲಿ ಕೂತ ಗಂಗಾಶ್ರೀ ನಾಚಿಕೆಯಿಂದ ಕುಗ್ಗಿಹೋದಳು.

"ಇದು ಕಾಯಿಲೆ ರೀ, ನಿಮ್ಮ ತಪ್ಪಲ್ಲ. ಭಯಕ್ಕೆ ಮಾತ್ರೆ ಕೊಡ್ತೀನಿ. ವಾರ ವಾರ ಬಂದು ನನ್ನ ಹತ್ರ ಮಾತಾಡಿ. ಮೊದಲ ಕೆಲವು ದಿನ ಸ್ವಲ್ಪ ಮಂಪರು ಬರುತ್ತೆ, ಅದಕ್ಕೆ ಹೆದರಿ ಬಿಡಬೇಡಿ. ಬಿಟ್ರೆ ಈ ಭಯಾನೇ ನಿಮ್ಮನ್ನ ಮತ್ತೆ ಬಾಟಲಿ ಹತ್ರ ಎಳ್ಕೊಂಡು ಹೋಗುತ್ತೆ."

ಮೊದಲ ಮಾತ್ರೆ ನುಂಗಿದ ದಿನ ಮಹಾಂತೇಶ ಮಧ್ಯಾಹ್ನದವರೆಗೆ ತೂಕಡಿಸಿದ. ಆಮೇಲಿನ ದಿನಗಳಲ್ಲಿ ತೂಕಡಿಕೆ ಕಾಣಲಿಲ್ಲ. ಭಯ ಮಾತ್ರ ಎರಡರಷ್ಟಾಯಿತು. ಬಚ್ಚಲಿಗೆ ಹೋಗಿ ನಲ್ಲಿ ಹಿಡಿದುಕೊಂಡು ಕೂತುಬಿಡುತ್ತಿದ್ದ. "ಅಕ್ಕಾ, ಎದಿ ನಿಂತಂಗಾಗ್ತತಿ," ಎಂದು ಒಳಗಿನಿಂದ ಕೂಗುತ್ತಿದ್ದ. ಗಂಗಾಶ್ರೀ ಬಾಗಿಲ ಹೊರಗೆ ನಿಂತು, ಇದೆಂಥ ಮಾತ್ರೆ, ಇವಳೆಂಥ ಡಾಕ್ಟರು ಎಂದು ಗೊಣಗುತ್ತಿದ್ದಳು.

ಎರಡನೇ ವಾರ ಅವನ ಅಂಗಿ ಒಗೆಯಲು ನೆನೆಹಾಕಿದಾಗ ಜೇಬಿನಿಂದ ಮಾತ್ರೆಗಳು ಹೊರಬಂದವು. ಎಲ್ಲವೂ ಒಮ್ಮೆ ಬಾಯಿಗೆ ಹೋಗಿ ಬಂದು, ಅಂಚು ಕರಗಿದ್ದವು.

"ಯಾಕೋ ಮಾಂತು? ನುಂಗಿದಂಗೆ ಮಾಡಿ ಉಗಿದಿದೀಯಲ್ಲ?"

"ನುಂಗಿದ್ರೆ ಮಂಪರು ಬರ್ತತಿ ಅಕ್ಕ. ಅದೂ ಅಮಲೇ. ಯಾವ ಅಮಲೂ ಮುಟ್ಟಲ್ಲ ಅಂತ ನಿನ್ನ ತಲಿ ಮುಟ್ಟಿ ಹೇಳೀನಿ."

ಅವಳಿಗೆ ನಗು ಬಂತು. ನಗು ಬಂದಷ್ಟೇ ಬೇಗ ಹೋಯಿತು. "ಔಷಧಿ ಅಮಲಾಗುತ್ತೇನೋ ಮಾರಾಯ? ಆಣೆ ಮಾಡಿಸಿದೋಳು ನಾನೇ, ಈಗ ನಾನೇ ಬಿಟ್ಟೆ. ನುಂಗು."

"ನನ್ ಮ್ಯಾಲಿನ ಪ್ರೀತಿಗೆ ನೀ ಬಿಡ್ತಿ. ದೇವ್ರು ಬಿಡ್ತಾನೇನು? ನನಗೋಸ್ಕರ ನಿನ್ನ ಜೀವ ಒತ್ತಿ ಇಟ್ಟೀಯ. ಅದನ್ನ ನಾ ಹೆಂಗ ಕಳೀಲಿ?"

ಡಾಕ್ಟರ ಹತ್ತಿರ ಮತ್ತೆ ಕರೆದೊಯ್ದಳು. ಇದು ಅಮಲಲ್ಲ, ಸಕ್ಕರೆ ಕಾಯಿಲೆಯವರ ಮಾತ್ರೆಯಂತೆಯೇ ಎಂದು ಅವರು ಸಮಾಧಾನವಾಗಿ ತಿಳಿಹೇಳಿದರು. ಮಹಾಂತೇಶ ಹೂಂಗುಟ್ಟಿದ. ಮನೆಗೆ ಬಂದು ಮಾತ್ರೆಯನ್ನು ಉಗಿದ.

ಮರುದಿನ ಮಧ್ಯಾಹ್ನ, ಗಂಗಾಶ್ರೀಯ ಬೀದಿಯಲ್ಲೇ ಇದ್ದು ಆಟೋ ಓಡಿಸುವ ಬಡೇಸಾಬ್ ಫೋನ್ ಮಾಡಿದ. "ಅಕ್ಕಾರೇ, ನಿಮ್ಮ ತಮ್ಮನ್ನ ಗುಡವಿ ಪಕ್ಷಿಧಾಮಕ್ಕೆ ಬಿಟ್ಟೆ. ಹಕ್ಕಿ ನೋಡಕ್ಕೆ ಅಂದ್ರು. ಮುಖ ನೋಡಿ ನಂಗೆ ವಾಪಸ್ ಬರಕ್ಕೆ ಮನಸ್ಸಾಗ್ಲಿಲ್ಲ, ದೂರದಲ್ಲೇ ನಿಂತಿದೀನಿ. ಚಪ್ಪಲಿ ಬಿಟ್ಟು ಕೆರೆ ಏರಿ ಮೇಲೆ ಕೂತಿದಾರೆ. ಬೇಗ ಬನ್ನಿ."

ಗಂಗಾಶ್ರೀ ಮಾತ್ರೆಯ ಸ್ಟ್ರಿಪ್ ಹಿಡಿದು ಸಿಕ್ಕ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ಏರಿಯ ಮೇಲೆ ಅವನು ನೀರಿಗೆ ಮುಖ ಮಾಡಿ ಕೂತಿದ್ದ. ಮರಗಳ ತುಂಬ ಬಿಳಿ ಹಕ್ಕಿಗಳು ಗದ್ದಲ ಹಾಕುತ್ತಿದ್ದವು. ಅವಳು ಹೋಗಿ ಪಕ್ಕದಲ್ಲಿ ಕೂತರೂ ಅವನು ತಿರುಗಲಿಲ್ಲ.

"ಕುಡಿಯಂಗಿಲ್ಲ, ಮಾತ್ರಿ ನುಂಗಂಗಿಲ್ಲ. ದಿನಾ ಹಿಂಗ ಸಾಯೋದು ಸಾಕಾತು ಅಕ್ಕ. ನಾ ಹೋದ್ರ ನೀನಾದ್ರೂ ಉಳೀತಿ."

ಸಾಂತ್ವನದ ಮಾತು ಯಾವುದೂ ನಡೆಯದು ಎಂದು ಗಂಗಾಶ್ರೀಗೆ ಆಗ ಅರ್ಥವಾಯಿತು. ಅವನು ಉಳಿಸಿಕೊಳ್ಳುತ್ತಿದ್ದದ್ದು ಆಣೆಯನ್ನಲ್ಲ, ಅದರಲ್ಲಿ ತಾನು ಕಂಡ ಅಕ್ಕನ ಪ್ರೀತಿಯನ್ನು. ಅದನ್ನು ಕಿತ್ತು ಹಾಕದೆ ಮಾತ್ರೆ ಅವನ ಗಂಟಲಲ್ಲಿ ಇಳಿಯುವಂತಿರಲಿಲ್ಲ.

"ಆಣೆ ನಿನಗೋಸ್ಕರ ಮಾಡಿಸಿದ್ದಲ್ಲ ಮಾಂತು," ಎಂದಳು. "ಚೈತ್ರನ ನೋಡಕ್ಕೆ ಬರೋರು ನಿನ್ನ ಬೀದಿಯೋರು. ನೀನು ಕುಡಿದಿದ್ದು ಅವರ ಕಣ್ಣಿಗೆ ಬಿದ್ರೆ ಸಂಬಂಧ ತಪ್ಪುತ್ತೆ ಅಂತ ಮಾಡಿಸಿದೆ. ಮದುವೆ ಒಂದು ಮುಗಿಯೋವರೆಗೆ ನೀನು ನೆಟ್ಟಗಿದ್ರೆ ಸಾಕು ಅಂದ್ಕೊಂಡಿದ್ದೆ. ಆಮೇಲೆ ನೀನು ಏನಾದ್ರೂ ಆಗು ಅಂತಿತ್ತು ನನ್ನ ಮನಸ್ಸಲ್ಲಿ."

ಕೊನೆಯ ಮಾತು ನಿಜವೋ, ಅವನನ್ನು ಉಳಿಸಲು ಸೇರಿಸಿದ್ದೋ, ಅವಳಿಗೇ ತಿಳಿಯಲಿಲ್ಲ.

ಮಹಾಂತೇಶ ಈಗ ತಿರುಗಿ ಅವಳನ್ನು ನೋಡಿದ. ಆಮೇಲೆ ಕೈ ಚಾಚಿದ. ಅವಳು ಅಂಗೈಗೆ ಮಾತ್ರೆ ಹಾಕಿದಳು. ಬಡೇಸಾಬ್ ನೀರಿನ ಬಾಟಲಿ ತಂದುಕೊಟ್ಟ. ಮಹಾಂತೇಶ ನುಂಗಿ, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದ. ಮಾತ್ರೆ ಇಳಿದಿತ್ತು.

"ಹಂಗಾದ್ರ ನೀವೇನೂ ಸಾಯಲ್ಲ ಬಿಡ್ರಿ," ಎಂದ.

ಹುಟ್ಟಿದಾಗಿನಿಂದ ಅವನು ಅವಳಿಗೆ ನೀವು ಅಂದದ್ದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಟೋ ಕಡೆಗೆ ನಡೆದ. ಹಿಂದೆ ಅವಳಿಗೆ ಜಾಗ ಬಿಟ್ಟು, ಮುಂದೆ ಬಡೇಸಾಬ್‌ನ ಸೀಟಿನ ಅಂಚಿನಲ್ಲಿ ಕೂತ.