ದೊಡ್ಡಗಂಗಮ್ಮನ ಸುಡಾನ್ ಅರ್ಜಿ

ಅವ್ವನ ತಲೆಯಡಿಯ ದಿಂಬನ್ನು ಸರಿಸುತ್ತಿದ್ದ ಪ್ರಮೀಳಾಳ ಭುಜವನ್ನು ಯಾರೋ ಹಿಂದಿನಿಂದ ಮುಟ್ಟಿದರು. ತಿರುಗಿ ನೋಡಿದರೆ ಗುಬ್ಬಿಯ ನೇತ್ರಾವತಿ. ಅವಳ ಬೆನ್ನಿಗೆ ಇನ್ನೂ ಹದಿನೈದಿಪ್ಪತ್ತು ಹೆಂಗಸರು, ಎಲ್ಲರೂ ಅಂಗನವಾಡಿಯವರು. ಬೆಳಗಿನ ಮೊದಲ ಬಸ್ಸಿಗೆ ಗುಬ್ಬಿ ಬಿಟ್ಟು, ತುಮಕೂರಿನಲ್ಲಿ ಇಳಿದು ಹತ್ತಿ, ಕುಣಿಗಲ್ಲಿನಿಂದ ಖಾಸಗಿ ಬಸ್ಸು ಹಿಡಿದು ಅಮೃತೂರಿಗೆ ಬಂದಿದ್ದರು. ಒಬ್ಬೊಬ್ಬರಾಗಿ, ತೀರಿಹೋದ ಅವ್ವ ದೊಡ್ಡಗಂಗಮ್ಮನ ಪಾದ ಮುಟ್ಟಿ ಪಕ್ಕಕ್ಕೆ ಸರಿದರು. ನೇತ್ರಾವತಿ ಸೆರಗಿನಿಂದ ಮೂಗೊರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು.

"ಅಕ್ಕ, ಈ ಹೊತ್ತಲ್ಲಿ ಕೇಳ್ಬಾರ್ದು. ಆದ್ರೂ ಮನ್ಸು ತಡೀತಿಲ್ಲ. ನಾವೆಲ್ಲ ಸೈನ್ ಹಾಕಿದ್ವಲ್ಲ, ಆ ಹಾಳೆಗಳು ದಿಲ್ಲಿಗೆ ಹೋದ್ವಾ?"

"ಹೋದ್ವು," ಎಂದಳು ಪ್ರಮೀಳಾ.

"ಅಷ್ಟು ಸಾಕು ಬಿಡಿ. ಅಮ್ಮನೂ ನೆಮ್ದಿಯಾಗಿ ಹೋಗಿರ್ತಾರೆ."

ಪ್ರಮೀಳಾ ಸರಿಯಾಗಿಯೇ ಇದ್ದ ದಿಂಬನ್ನು ಮತ್ತೊಮ್ಮೆ ಸರಿಸಿದಳು. ಸಾವಿರದ ಇನ್ನೂರು ಜನರ ಸಹಿಯಿದ್ದ ಆ ಕಟ್ಟು ತುಮಕೂರಿನ ಅವಳ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ನಾಲ್ಕು ತಿಂಗಳಿಂದ ಬಿಚ್ಚದೆ ಬಿದ್ದಿತ್ತು.

*

ದೊಡ್ಡಗಂಗಮ್ಮ ಮೂವತ್ತೊಂದು ವರ್ಷ ಅಮೃತೂರು ಹೋಬಳಿಯಲ್ಲಿ ಅಂಗನವಾಡಿ ನಡೆಸಿದವಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ತೋಟ, ಹೊಲ ಮಗ ರಂಗನಾಥನ ಕೈಗೆ ಬಂದಿದ್ದವು. ನಿವೃತ್ತಿಯಾದ ಮೇಲೆ ಅವಳು ತುಮಕೂರಿನ ಶಿರಾ ಗೇಟ್ ಹತ್ತಿರದ ಮಗಳ ಮನೆಗೆ ಬಂದಳು. ಸರ್ಕಾರಿ ಹೈಸ್ಕೂಲಿನ ಟೀಚರಾಗಿದ್ದ ಮಗಳು ಬೆಳಗ್ಗೆ ಹೋದರೆ ಸಂಜೆಗೇ ಬರುತ್ತಿದ್ದದ್ದು. ಮಾತಿಗೆ ಜನ ಬೇಕಾಗಿದ್ದ ದೊಡ್ಡಗಂಗಮ್ಮ ಒಂದು ತಿಂಗಳಲ್ಲಿ ಬೀದಿಯ ಎಲ್ಲರನ್ನೂ ಗುರುತು ಮಾಡಿಕೊಂಡಳು.

ಎದುರು ಮನೆಯ ಮಹಡಿಯಲ್ಲಿ ಇದ್ರಿಸ್ ಇದ್ದ. ಸುಡಾನ್ ದೇಶದಿಂದ ಬಂದು ಫಾರ್ಮಸಿ ಓದುತ್ತಿದ್ದವನು. ಬೀದಿಯವರಿಗೆ ಅವನು 'ಆ ಆಫ್ರಿಕಾದವ್ನು'. ದೊಡ್ಡಗಂಗಮ್ಮನಿಗೆ ಮಾತ್ರ ಮೊದಲ ವಾರವೇ 'ಇದ್ರಿಸಪ್ಪ' ಆದ. ನಾಲ್ಕು ವರ್ಷದಲ್ಲಿ ಕಲಿತ ಕನ್ನಡದಲ್ಲಿ ಅವನೂ ಅವಳನ್ನು ಅಜ್ಜಿ ಎಂದ.

ಅವನ ದೇಶದಲ್ಲಿ ಯುದ್ಧ ಶುರುವಾದ ಮಾರನೆಯ ವರ್ಷ, ಒಂದು ಸಂಜೆ ಅವನು ಮೆಟ್ಟಿಲ ಮೇಲೆ ಕೂತು ಫೋನನ್ನೇ ನೋಡುತ್ತಿದ್ದ.

"ಯಾಕಪ್ಪ, ಮಕ ಹಿಂಗಾಗದೆ?"

ಅವನು ಫೋನು ಕೈಗೆ ಕೊಟ್ಟ. ಅವನ ಅಕ್ಕ ನರ್ಸು. ಊರು ಬಿಟ್ಟು ಓಡಿಬಂದವರ ಶಿಬಿರವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಫೋಟೋದಲ್ಲಿ ಮಗುವಿನ ಮುಖ ಇರಲಿಲ್ಲ. ತೋಳು ಮಾತ್ರ, ತೋಳಿಗೆ ಸುತ್ತಿದ ಒಂದು ಪಟ್ಟಿ. ದೊಡ್ಡಗಂಗಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನಮ್ ಪಟ್ಟಿ ಕಣಪ್ಪ," ಎಂದಳು.

ಅಂಗನವಾಡಿಯಲ್ಲಿ ಮಕ್ಕಳ ತೋಳಿಗೆ ಸುತ್ತಿ ಅದರ ದಪ್ಪ ಅಳೆಯುವ ಅದೇ ಪಟ್ಟಿ. ಹಸಿರು ಬಂದರೆ ಮಗು ಚೆನ್ನಾಗಿದೆ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಆಸ್ಪತ್ರೆಗೆ ಓಡಬೇಕು. ಮೂವತ್ತೊಂದು ವರ್ಷದಲ್ಲಿ ಅವಳು ಕೆಂಪು ನೋಡಿದ್ದು ಒಂಬತ್ತು ಸಲ. ಆ ಒಂಬತ್ತು ಮಕ್ಕಳ ಹೆಸರೂ ಅವಳ ಬಾಯಲ್ಲಿದ್ದವು. ಈ ಫೋಟೋದ ಪಟ್ಟಿ ಕೆಂಪಿನಲ್ಲೂ ಬಹಳ ಒಳಗೆ ಹೋಗಿತ್ತು.

"ಇಂಥವು ಎಷ್ಟ್ ಅವೆ ಅಲ್ಲಿ?"

"ನಮ್ಮಕ್ಕ ಎಣಿಸೋದು ನಿಲ್ಲಿಸಿದಾಳೆ ಅಜ್ಜಿ."

ಮಾರನೆಯ ಬೆಳಗ್ಗೆ ಅವಳು ಮಗಳ ನೋಟ್‌ಬುಕ್ಕಿನಿಂದ ಎರಡು ಹಾಳೆ ಹರಿದು ಅರ್ಜಿ ಬರೆದಳು. ನಮ್ಮ ಸರ್ಕಾರ ಸುಡಾನಿನ ಮಕ್ಕಳಿಗೆ ಪೌಷ್ಟಿಕ ಆಹಾರವನ್ನೂ ಔಷಧಿಯನ್ನೂ ಕಳಿಸಬೇಕು. ಆಹಾರದ ಲಾರಿಗಳನ್ನು ತಡೆಯಬೇಡಿ ಎಂದು ಅಲ್ಲಿ ಹೊಡೆದಾಡುತ್ತಿರುವವರಿಗೆ ಗಟ್ಟಿಯಾಗಿ ಹೇಳಬೇಕು. ಇಷ್ಟೇ. ಅದನ್ನು ಹಿಡಿದು ಡಿಸಿ ಆಫೀಸಿನ ಸಾಲಿನಲ್ಲಿ ನಿಂತಳು. ಅರ್ಜಿ ಓದಿದ ಗುಮಾಸ್ತ, "ಅಮ್ಮ, ಇದು ನಮ್ ಕೈಲಿಲ್ಲ, ದಿಲ್ಲಿಗೆ ಸೇರಿದ್ದು," ಎಂದ. "ಹಂಗಾದ್ರೆ ದಿಲ್ಲಿ ವಿಳಾಸ ಬರ್ಕೊಡಪ್ಪ," ಎಂದಳು ಇವಳು. ಅವನು ಬರೆದುಕೊಟ್ಟ.

ಒಬ್ಬಳ ಕಾಗದ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಯಾರೋ ಹೇಳಿದ ಮೇಲೆ ಸಹಿ ಸಂಗ್ರಹ ಶುರುವಾಯಿತು. ಗುಬ್ಬಿ, ಕುಣಿಗಲ್, ಬೆಳ್ಳಾವಿ ಸಂತೆ. ಕೆಂಪು ಪಟ್ಟಿ ಎಂದರೆ ಏನು ಎಂದು ಅಂಗನವಾಡಿಯವರಿಗೆ ವಿವರಿಸಬೇಕಾಗಿರಲಿಲ್ಲ. ಅವರು ಕೇಳಿದ ಕೂಡಲೇ ಪೆನ್ನು ಹಿಡಿದರು. ಉಳಿದವರದೇ ಕಷ್ಟ. ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹೂವಿನ ವ್ಯಾಪಾರದ ಗೋವಿಂದರಾಜು, "ನಮ್ ಬೀದಿಗೇ ನೀರಿಲ್ಲ, ನೀನು ಸುಡಾನಿಗೆ ಹಾಲಿನ ಪುಡಿ ಕಳ್ಸಂತೀಯಲ್ಲಮ್ಮೋ," ಎಂದು ನಾಲ್ಕು ಜನರ ಮುಂದೆ ನಕ್ಕಿದ್ದ.

"ಯಾವ್ ಬೀದಿ ಹೇಳು. ನೀರಿನದೂ ಬರ್ಕೊಡ್ತೀನಿ," ಎಂದು ದೊಡ್ಡಗಂಗಮ್ಮ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಪುರಸಭೆಗೆ ಅರ್ಜಿ ಬರೆದಳು. ಮೊದಲ ಸಹಿ ತಾನೇ ಹಾಕಿದಳು. "ನಾನ್ ಆ ಬೀದಿಯವಳಲ್ಲ. ಆದ್ರೂ ಹಾಕಿವ್ನಿ. ಈಗ ನೀನು ಇದಕ್ಕೆ ಹಾಕು." ಗೋವಿಂದರಾಜು ನಗು ನಿಲ್ಲಿಸಿ ಹಾಕಿದ. ಮುಂದಿನ ತಿಂಗಳು ಅವನೇ ಐವತ್ತು ಸಹಿ ಮಾಡಿಸಿ ತಂದ.

ಎರಡು ವರ್ಷದಲ್ಲಿ ಆರು ಸಲ ಕಾಗದ ಹೋಯಿತು. ಆರಕ್ಕೂ ಉತ್ತರ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಏನಂತೆ ಮೇಡಂ, ನಿಮ್ಮ ತಾಯಿ ಸುಡಾನಿಗೆ ಹೊರಟ್ರಾ?" ಎಂದರೆ ಪ್ರಮೀಳಾ ಟಿಫನ್ ಡಬ್ಬಿ ತೆರೆಯುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಅಮೃತೂರಿನ ಮನೆಯ ಅಂಗಳ ತುಂಬಿತು. ರಂಗನಾಥ ಮತ್ತು ಪಕ್ಕದ ಮನೆಯವರು ಚಟ್ಟ ಕಟ್ಟಿ ಮುಗಿಸುತ್ತಿದ್ದಾಗ ಗೇಟಿನ ಮುಂದೆ ಹಳೆಯ ವ್ಯಾನು ನಿಂತಿತು. ಓಡಿಸಿಕೊಂಡು ಬಂದವನು ಶಿರಾ ಗೇಟಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಮೋಹನ್‌ಕುಮಾರ್. ಪಕ್ಕದಲ್ಲಿ ಇದ್ರಿಸ್. ಅವನು ಬೂಟು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು, ಒಳಗೆ ಬರಬಹುದೋ ಬಾರದೋ ತಿಳಿಯದೆ ಗೇಟಿನ ಹತ್ತಿರವೇ ನಿಂತ. ಜನ ತಿರುಗಿ ನೋಡಿದರು. ದಾಯಾದಿಗಳಲ್ಲೊಬ್ಬರು, "ಇವ್ನ್ಯಾರ್ಲಾ?" ಎಂದು ರಂಗನಾಥನನ್ನು ಕೇಳಿದರು.

ಉತ್ತರ ಕೊಟ್ಟವಳು ಜಗುಲಿಯ ಮೇಲಿದ್ದ ಭದ್ರಮ್ಮ, ಸತ್ತವಳ ಅಕ್ಕ, ಎಂಬತ್ತರ ಹತ್ತಿರದವಳು. "ಇವ್ನ್‌ದೆಸೆಯಿಂದ್ಲೇ ಅಲ್ವಾ ನಮ್ ಗಂಗಿ ಊರೂರು ತಿರುಗಿದ್ದು. ಬಾರಪ್ಪ ಒಳೀಕೆ. ಯಾಕ್ ಬಿಸ್ಲಲ್ಲಿ ನಿಂತಿದ್ದೀಯ?"

ಇದ್ರಿಸ್ ಬಂದು ಹೆಣದ ಮುಂದೆ ಮಂಡಿಯೂರಿ ಕೂತ. ಚಟ್ಟ ಎತ್ತುವಾಗ ರಂಗನಾಥನ ಹತ್ತಿರ ಹೋಗಿ, "ಅಣ್ಣ, ನಾನು ಸ್ವಲ್ಪ ದೂರ ಹಿಡೀಬಹುದಾ?" ಎಂದು ಕೇಳಿದ. ರಂಗನಾಥ ಒಂದು ಗಳಿಗೆ ನೆಲ ನೋಡಿದ. ಆಮೇಲೆ ಹಿಂದಿನ ಎಡಗಡೆ ಇದ್ದವನಿಗೆ ಕಣ್ಸನ್ನೆ ಮಾಡಿ, ಜಾಗ ಬಿಡಿಸಿಕೊಟ್ಟ.

ತೋಟದ ದಾರಿಯಲ್ಲಿ ಪ್ರಮೀಳಾ ಹಿಂದೆ ನಡೆದಳು. ಬೆಳ್ಳಾವಿಯಿಂದ ಬಂದ ಇಬ್ಬರು ಮುದುಕರು ಮುಂದೆ ಹೋಗುತ್ತಿದ್ದರು. ಹೂವಿನ ಬುಟ್ಟಿ ಹೊತ್ತು ಗೋವಿಂದರಾಜು ಬಂದಿದ್ದ. ಇವರೆಲ್ಲರ ಹೆಸರೂ ಆ ಕಟ್ಟಿನಲ್ಲಿವೆ ಎಂದು ನೆನೆದಾಗ ಅವಳು ಇನ್ನೂ ನಾಲ್ಕು ಹೆಜ್ಜೆ ಹಿಂದುಳಿದಳು.

*

ಏಳನೆಯ ಸಲದ ಕಟ್ಟು ಎಲ್ಲಕ್ಕಿಂತ ದೊಡ್ಡದು. ಅದು ಸಿದ್ಧವಾಗುವ ಹೊತ್ತಿಗೆ ದೊಡ್ಡಗಂಗಮ್ಮನ ಕಾಲು ಊದಿ, ಎರಡು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ದಾರ ಸುತ್ತಿದ ಕಟ್ಟನ್ನು ಮಗಳ ಮಡಿಲಿಗಿಟ್ಟು, "ನಿನ್ ಕೈಯಾರೆ ರಿಜಿಸ್ಟರ್ ಮಾಡು ಮಗಾ, ಸ್ಕೂಲಿನ ಪಕ್ಕನೇ ಪೋಸ್ಟಾಫೀಸು," ಎಂದಳು.

ಪ್ರಮೀಳಾ ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು ಕೂಡ. ಹೆಡ್‌ಮಿಸ್ ನೋಡಿ ವಿಚಾರಿಸಿದರು. "ಕಳಿಸೋರ ಜಾಗದಲ್ಲಿ ನಿಮ್ಮ ಹೆಸರಿರುತ್ತೆ. ನಾವು ಸರ್ಕಾರಿ ನೌಕರರು. ಸರ್ಕಾರ ಹೀಗೆ ಮಾಡ್ಬೇಕು ಅಂತ ನಾವೇ ಒತ್ತಾಯ ಮಾಡಿದ್ರೆ ನೋಟಿಸ್ ಬಂದ್ರೂ ಬರ್ಬಹುದು. ಪ್ರಮೋಷನ್ ಬೇರೆ ಹತ್ತಿರ ಇದೆ, ಯೋಚನೆ ಮಾಡಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಪ್ರಮೀಳಾ ಒಂದು ವಾರ ಯೋಚಿಸಿದಳು. ಆಮೇಲೆ ಯೋಚಿಸುವುದನ್ನೂ ಬಿಟ್ಟು ಕಟ್ಟನ್ನು ಬೀರುವಿನೊಳಗಿಟ್ಟಳು.

ಆಸ್ಪತ್ರೆಯಲ್ಲಿ ಅವ್ವ ಒಂದೇ ಸಲ ಕೇಳಿದಳು. "ಕಳಿಸ್ದಾ?"

"ಕಳಿಸ್ದೆ ಅವ್ವ."

ದೊಡ್ಡಗಂಗಮ್ಮ ಮಗಳ ಮುಖವನ್ನೇ ನೋಡುತ್ತ, ಅವಳ ಕೈಮೇಲೆ ತನ್ನ ಕೈಯಿಟ್ಟು, "ಸರಿ ಬುಡು," ಎಂದಳು. ಮತ್ತೆ ಆ ಮಾತೆತ್ತಲಿಲ್ಲ. ಆ 'ಸರಿ ಬುಡು' ಅಂದಿನಿಂದ ಪ್ರಮೀಳಾಳನ್ನು ಮಲಗಲು ಬಿಟ್ಟಿರಲಿಲ್ಲ.

*

ಮಣ್ಣು ಮುಗಿಯಿತು. ಎಲ್ಲರೂ ಪಂಪ್‌ಹೌಸಿನ ಹತ್ತಿರ ಕೈಕಾಲು ತೊಳೆದುಕೊಂಡು ನೆರಳಲ್ಲಿ ಕೂತರು. ನಾಲ್ಕು ಗಂಟೆಯ ಬಸ್ಸಿಗೆ ಹೊರಡಬೇಕಾಗಿದ್ದ ಗುಬ್ಬಿಯವರು ಎದ್ದರು. ನೇತ್ರಾವತಿ ಬಂದು ಕೈಮುಗಿದಳು.

"ಬರ್ತೀವಿ ಅಕ್ಕ. ಮುಂದಿನ ಕಾಗದಕ್ಕೆ ನಮ್ಮನ್ನ ಕರೀರಿ. ಅಮ್ಮ ಶುರು ಮಾಡಿದ್ದು ನಿಲ್ಲೋದು ಬೇಡ."

ಪ್ರಮೀಳಾ ಅವಳ ಕೈ ಹಿಡಿದುಕೊಂಡಳು. "ನೇತ್ರಾ, ಹೋಗ್ಬೇಡಿ. ಬೆಳಗ್ಗೆ ನಾನು ನಿಮಗೆ ಸುಳ್ಳು ಹೇಳ್ದೆ. ಆ ಹಾಳೆಗಳು ಎಲ್ಲಿಗೂ ಹೋಗಿಲ್ಲ. ನನ್ನ ಬೀರುವಲ್ಲೇ ಇವೆ. ಕೆಲಸಕ್ಕೆ ತೊಂದರೆ ಆಗುತ್ತೆ ಅಂತ ಹೆದರಿದೆ. ಅವ್ವನಿಗೂ ಸುಳ್ಳು ಹೇಳ್ದೆ. ಅವಳು ಅದನ್ನೇ ನಂಬ್ಕೊಂಡು ಹೋದ್ಲು."

ನೇತ್ರಾವತಿ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಆದರೆ ಮುಖ ತಿರುಗಿಸಿದಳು. ಅವಳ ಹಿಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮೋಹನ್‌ಕುಮಾರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಮುಂದೆ ಬಂದ.

"ಮೇಡಂ, ಆ ಕಟ್ಟು ಬಿಚ್ಚಿ ನೋಡಿದ್ರಾ?"

"ಇಲ್ಲ."

"ಅದು ಜೆರಾಕ್ಸ್ ಮೇಡಂ. ಒರಿಜಿನಲ್ ಅಲ್ಲ."

ಪ್ರಮೀಳಾಳಿಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಹೇಳಿದ. "ಅಮ್ಮ ಆಸ್ಪತ್ರೆ ಸೇರೋಕೆ ಎರಡು ದಿನ ಮುಂಚೆ ಆಟೋದಲ್ಲಿ ಅಂಗಡಿಗೆ ಬಂದಿದ್ರು. ಎಲ್ಲಾ ಹಾಳೆನೂ ಒಂದೊಂದು ಪ್ರತಿ ತೆಗೆಸಿದ್ರು. ಒರಿಜಿನಲ್ ಕವರಿಗೆ ಹಾಕಿ, ಅವರ ಹೆಸರಲ್ಲೇ, ನಿಮ್ಮ ಮನೆಯದರ ಬದಲು ನನ್ನ ಅಂಗಡಿ ವಿಳಾಸ ಬರೆಸಿ, ನನ್ನ ಕೈಲೇ ಪೋಸ್ಟ್ ಮಾಡಿಸಿದ್ರು. ಮತ್ತೆ ಈ ಜೆರಾಕ್ಸ್ ಯಾರಿಗಮ್ಮ ಅಂದೆ. ನನ್ ಮಗಳಿಗೆ ಅಂದ್ರು."

"ನನಗೆ ಯಾಕೆ?"

"ನಾನೂ ಅದನ್ನೇ ಕೇಳ್ದೆ. 'ಅವ್ಳು ಕಳಿಸಿದ್ರೆ ದಿಲ್ಲಿಗೆ ಎರಡು ಸಲ ತಲುಪ್ತದೆ. ಕಳಿಸದಿದ್ರೆ ಅವ್ಳ ಕೆಲ್ಸ ಉಳೀತದೆ. ಎರಡೂ ಒಳ್ಳೇದೇ ಕಣಪ್ಪ. ಅವ್ಳನ್ನ ಕೇಳ್ದೇ ಹೋದ್ರೆ, ಅವ್ವ ನನ್ನ ಲೆಕ್ಕಕ್ಕೇ ಇಡ್ಲಿಲ್ಲ ಅಂದ್ಕೊಂತಾಳೆ' ಅಂದ್ರು."

ಪ್ರಮೀಳಾ ಹಾಗೇ ಮಣ್ಣಿನ ಮೇಲೆ ಕೂತಳು. ಬೆಳಗಿನಿಂದ ಬಾರದ ಅಳು ಈಗ ಬಂತು. ಅದರ ಜೊತೆಗೇ, ತಡೆಯಲಾಗದ ಹಾಗೆ, ಒಂದು ನಗುವೂ ಬಂತು. ಅವ್ವ ಆಸ್ಪತ್ರೆಯಲ್ಲಿ ಮುಖ ನೋಡಿದ್ದು, ಕೈಮೇಲೆ ಕೈಯಿಟ್ಟದ್ದು, ಎಲ್ಲಕ್ಕೂ ಈಗ ಬೇರೆಯೇ ಅರ್ಥವಿತ್ತು.

ಮೋಹನ್‌ಕುಮಾರ್ ವ್ಯಾನಿನಿಂದ ಒಂದು ಲಕೋಟೆ ತಂದ. "ಇದು ಬಂದು ಮೂರು ದಿನ ಆಯ್ತು. ಆಸ್ಪತ್ರೆಗೆ ತಂದೆ, ಆಗಲೇ ಅಮ್ಮನಿಗೆ ಪ್ರಜ್ಞೆ ಇರ್ಲಿಲ್ಲ. ಕಿವಿ ಹತ್ರ ಓದಿ ಹೇಳ್ದೆ. ಕೇಳಿಸ್ತೋ ಇಲ್ವೋ ಗೊತ್ತಿಲ್ಲ. ನೀವು ಡಾಕ್ಟರ ಹತ್ರ ಹೋಗಿದ್ರಿ."

ಇಂಗ್ಲಿಷಿನಲ್ಲಿದ್ದ ನಾಲ್ಕು ಸಾಲನ್ನು ಪ್ರಮೀಳಾ ಗಟ್ಟಿಯಾಗಿ ಕನ್ನಡದಲ್ಲಿ ಓದಿದಳು. ನಿಮ್ಮ ಮನವಿಯೂ ಅದರೊಂದಿಗಿನ ಸಹಿಗಳೂ ತಲುಪಿವೆ. ಸುಡಾನಿಗೆ ನೆರವು ಕಳಿಸುವ ವಿಷಯವನ್ನು ನೋಡುವ ವಿಭಾಗಕ್ಕೆ ಅವನ್ನು ಕಳಿಸಲಾಗಿದೆ. ಕೆಳಗೆ ಮೊಹರು, ಕಡತದ ಸಂಖ್ಯೆ.

"ಇಷ್ಟೇನಾ?" ಎಂದ ಗೋವಿಂದರಾಜು.

"ಎರಡು ವರ್ಷದಲ್ಲಿ ಮೊದಲನೇ ಉತ್ತರ ಕಣಣ್ಣ," ಎಂದಳು ನೇತ್ರಾವತಿ. "ನಂಬರ್ ಬಂತಲ್ಲ. ನಂಬರ್ ಹಿಡ್ಕೊಂಡು ಮತ್ತೆ ಕೇಳ್ಬಹುದು." ಆಮೇಲೆ ಬಗ್ಗಿ ಪ್ರಮೀಳಾಳ ಕೆನ್ನೆ ಒರೆಸಿದಳು. "ಏಳಿ ಅಕ್ಕ. ಬೆಳಗ್ಗೆ ಹೇಳಿದ್ದು ಸುಳ್ಳಾಗ್ಲಿಲ್ವಲ್ಲ. ಹೋದ್ವು ಅಂದ್ರಿ, ಹೋಗಿದ್ವು."

ಗುಬ್ಬಿಯವರು ಬಸ್ಸು ಹೋದರೆ ಹೋಗಲಿ ಎಂದು ಮತ್ತೆ ಕೂತರು. ಪಕ್ಕದ ಮನೆಯವರು ಮುದ್ದೆ, ಸಾರು ತಂದಿಳಿಸಿದರು. ಆಗ ಇದ್ರಿಸನ ಫೋನು ರಿಂಗಾಯಿತು. ಅವನು ಮೆಲ್ಲಗೆ ಏನೋ ಹೇಳಿ, ಅಳುಕುತ್ತ ಪ್ರಮೀಳಾಳ ಕಡೆ ನೋಡಿದ.

"ಅಕ್ಕ, ನಮ್ಮಮ್ಮ. ಹೋದ ತಿಂಗಳು ಗಡಿ ದಾಟಿ ಪಕ್ಕದ ದೇಶ ಚಾಡ್‌ನ ಶಿಬಿರಕ್ಕೆ ಬಂದ್ರು. ಅಜ್ಜಿ ಮನೆಯವರ ಜೊತೆ ಮಾತಾಡ್ಬೇಕಂತೆ."

ಪ್ರಮೀಳಾ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಭದ್ರಮ್ಮ ಕೈಚಾಚಿ ಫೋನು ಇಸಕೊಂಡಳು. ಪರದೆಯಲ್ಲಿ ತಲೆಗೆ ಹಳದಿ ಬಟ್ಟೆ ಹೊದ್ದ, ಬಡಕಲು ಮುಖದ ಹೆಂಗಸು. ಹಿಂದೆ ಟಾರ್ಪಾಲಿನ ಗೋಡೆ. ಅವಳು ಪ್ರಾರ್ಥಿಸುವಂತೆ ಎರಡೂ ಅಂಗೈ ಮೇಲೆತ್ತಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಭದ್ರಮ್ಮ ಮಧ್ಯೆ ಬಾಯಿ ಹಾಕದೆ, ಎಲ್ಲ ತಿಳಿದವಳ ಹಾಗೆ ಕೊನೆಯವರೆಗೂ ಕೇಳಿದಳು.

"ಹೂಂ ಕಣವ್ವ. ಚೆಂದಾಗಿ ಕಳಿಸ್ಕೊಟ್ವಿ," ಎಂದಳು. "ನಿಂದು ಊಟ ಆಯ್ತಾ?"

ಇದ್ರಿಸ್ ಅದನ್ನು ತಾಯಿಗೆ ಹೇಳಿದ. ಆ ಹೆಂಗಸು ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ಎದ್ದು, ಫೋನು ಎತ್ತಿಕೊಂಡು ಹೊರಗೆ ನಡೆದಳು. ಮೂರು ಕಲ್ಲಿನ ಒಲೆಯ ಮೇಲೆ ಮಸಿ ಹಿಡಿದ ಪಾತ್ರೆ. ಅವಳು ಬಗ್ಗಿ ಮುಚ್ಚಳ ತೆಗೆದಳು. ದಟ್ಟವಾದ ಹಬೆ ಎದ್ದು ಪರದೆಯನ್ನೆಲ್ಲ ತುಂಬಿಕೊಂಡಿತು. ಭದ್ರಮ್ಮ ಮುಖಕ್ಕೆ ಬಡಿಯಿತೆನ್ನುವ ಹಾಗೆ ಫೋನನ್ನು ಸ್ವಲ್ಪ ದೂರ ಹಿಡಿದಳು. ಒಳಗೆ ಏನು ಬೇಯುತ್ತಿದೆ ಎಂದು ನೋಡಲು ಗುಬ್ಬಿಯ ಹೆಂಗಸರೆಲ್ಲ ಅವಳ ಭುಜದ ಮೇಲೆ ಬಗ್ಗಿದರು.