ನನ್ನ ಹೆಸರಿನ ಮುಂದಿನ ಖಾಲಿ ಜಾಗ

ಆರನೇ ಸಾಲಿನ ಪುಟ್ಟನಂಜಮ್ಮ ಹೊಲಿಗೆ ಮಷೀನು ಬಿಟ್ಟು ಎದ್ದು ಹೋಗಿದ್ದು ನಾಲ್ಕು ನಿಮಿಷ. ನಾನು ಹನ್ನೊಂದು ಎಂದು ಬರೆದೆ. ಆ ವಾರ ಮೂರು ಸಲ ಹಾಗೆ ಬರೆದೆ. ಶನಿವಾರ ಅವಳಿಗೆ ಫ್ಯಾಕ್ಟರಿಯ ಗೇಟು ತೆರೆಯಲಿಲ್ಲ. ಕೆಲಸದಿಂದ ತೆಗೆದಿದ್ದರು.

ನಾನು ಒಂದು ಪ್ಯಾಕೇಜ್. ಅಂಗಡಿಯವನು ದಾರ ಸುತ್ತಿ ಕೊಡುವ ಪೊಟ್ಟಣವಲ್ಲ. ಕಂಪ್ಯೂಟರಿನೊಳಗೆ ಬದುಕುವ ಇನ್ನೂರು ಸಾಲಿನ ಬರಹ. ಯಾರೋ ಒಬ್ಬರು ಒಂದು ಸಣ್ಣ ಕೆಲಸವನ್ನು ಒಮ್ಮೆ ಸರಿಯಾಗಿ ಬರೆದಿಟ್ಟರೆ, ಬೇಕಾದವರು ಅದನ್ನು ಎತ್ತಿಕೊಂಡು ಹೋಗಿ ತಮ್ಮ ದೊಡ್ಡ ಪ್ರೋಗ್ರಾಮಿಗೆ ಜೋಡಿಸಿಕೊಳ್ಳುತ್ತಾರೆ. ಅಂಥ ಸಣ್ಣ ಕೆಲಸ ನಾನು. ಹೊತ್ತು ಎಣಿಸುವುದು ಬಿಟ್ಟರೆ ನನಗೆ ಬೇರೇನೂ ಬಾರದು.

ಹುಟ್ಟಿದ್ದು ತುಮಕೂರಿನಲ್ಲಿ, ಬೀಡಿ ಸುತ್ತುವ ಅಮೀರ್‌ಬಿಯ ನಡುಮನೆಯಲ್ಲಿ. ಅಮೀರ್‌ಬಿ ಬೆಳಿಗ್ಗೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಕೈಯ ಓಟ ತಪ್ಪುತ್ತದೆ ಎಂದು ನೀರನ್ನೇ ಬಿಟ್ಟಿದ್ದಳು. ಕೊನೆಗೆ ಮೂತ್ರದಲ್ಲಿ ರಕ್ತ ಬಂತು. ಡಾಕ್ಟರು ಬೈದು ಕಳಿಸಿದರು. ಮಗಳು ಸಲ್ಮಾ ಆಗ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಮೂರು ದಿನ ಕೂತು ನನ್ನನ್ನು ಬರೆದಳು. 'ಏಳಮ್ಮಿ' ಎಂದು ಹೆಸರಿಟ್ಟಳು. ಫೋನನ್ನು ಸೊಂಟದ ಚೀಲದಲ್ಲಿ ಇಟ್ಟುಕೊಂಡರೆ ಎದ್ದಿದ್ದು ಕೂತಿದ್ದು ನನಗೆ ತಿಳಿಯುತ್ತಿತ್ತು. ಮುಕ್ಕಾಲು ಗಂಟೆ ಕೂತಲ್ಲೇ ಕೂತವರಿಗೆ ಸಲ್ಮಾಳ ದನಿಯಲ್ಲೇ "ಏಳಮ್ಮಿ, ನೀರು ಕುಡಿ" ಎನ್ನುವುದು ನನ್ನ ಕೆಲಸ.

ಮೊದಲ ದಿನ ನಾನು ಕೂಗಿದಾಗ ಅಮೀರ್‌ಬಿ ಬೆಚ್ಚಿ ಎಲೆ ಬೀಳಿಸಿದಳು. ಜೊತೆಯಲ್ಲಿ ಬೀಡಿ ಸುತ್ತುತ್ತಿದ್ದ ಪಕ್ಕದ ಮನೆಯ ಲಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ.

"ನಗಬೇಡ ಲಕ್ಕಮ್ಮ," ಅಂದಳು ಅಮೀರ್‌ಬಿ. "ನಲವತ್ತು ವರ್ಷದಲ್ಲಿ ನೀರು ಕುಡಿ ಅಂತ ನಂಗೆ ಯಾರಾದ್ರೂ ಹೇಳಿದ್ರಾ? ಇವಳಪ್ಪ ಹೇಳಿದ್ನಾ? ಫೋನು ಹೇಳ್ತು ನೋಡು!"

"ಹಂಗಾದ್ರೆ ನಂಗೂ ಒಂದು ಹಾಕ್ಕೊಡವ್ವ ಸಲ್ಮಾ. ನಮ್ಮತ್ತೆ ಬಾಯಿಗಿಂತ ಮೆತ್ತಗದೆ."

ಇಬ್ಬರೂ ಎದ್ದರು. ಒಂದೊಂದು ಚೊಂಬು ನೀರು ಕುಡಿದರು. ನನ್ನ ಬದುಕಿನಲ್ಲಿ ನಾನು ತಲೆಯೆತ್ತಿ ನೆನೆಯಬಹುದಾದ ದಿನ ಅದೊಂದೇ.

ಲಕ್ಕಮ್ಮನಿಗೆ ಕೊಟ್ಟ ಹಾಗೆ ಲೋಕಕ್ಕೆಲ್ಲ ಕೊಡೋಣವೆಂದು ಸಲ್ಮಾ ನನ್ನನ್ನು ಸಾರ್ವಜನಿಕ ಉಗ್ರಾಣಕ್ಕೆ ಹಾಕಿದಳು. ನನ್ನಂಥ ಲಕ್ಷಾಂತರ ಪ್ಯಾಕೇಜುಗಳು ಇರುವ ಜಾಗ ಅದು. ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು, ಒಯ್ದು ತಿದ್ದಿಕೊಳ್ಳಲೂಬಹುದು. ಒಳ್ಳೆಯ ನಿಯಮವೆಂದು ಸಲ್ಮಾ ನಂಬಿದ್ದಳು. ನಾನೂ ನಂಬಿದ್ದೆ.

ಅಲ್ಲಿಂದ ನಮ್ಮನ್ನು ತಂದುಕೊಡುವವನು ಪ್ಯಾಕೇಜ್ ಮ್ಯಾನೇಜರ್. ಮನುಷ್ಯನಲ್ಲ, ಅದೂ ಒಂದು ಪ್ರೋಗ್ರಾಮೇ. ನಾನು ಅವನನ್ನು ಉಗ್ರಾಣಿ ಎನ್ನುತ್ತೇನೆ. ಮದುವೆ ಮನೆಯ ಉಗ್ರಾಣಿಯನ್ನು ನೋಡಿದವರಿಗೆ ಅವನ ಕೆಲಸ ಅರ್ಥವಾಗುತ್ತದೆ. ಸಾರಿನವನು ಬೇಳೆ ಕೇಳುತ್ತಾನೆ, ಹೋಳಿಗೆಯವನೂ ಬೇಳೆ ಕೇಳುತ್ತಾನೆ; ಉಗ್ರಾಣಿ ಒಂದೇ ಮೂಟೆ ತರಿಸಿ ಇಬ್ಬರಿಗೂ ಅಳೆಯುತ್ತಾನೆ. ಯಾವುದು ಮೊದಲು ಬೇಯಬೇಕೋ ಅದನ್ನು ಮೊದಲು ಒಲೆಗೆ ಕಳಿಸುತ್ತಾನೆ. ತಂದಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡುತ್ತಾನೆ. ಲಾಕ್ ಫೈಲ್ ಎಂದು ಅದರ ಹೆಸರು. ನಮ್ಮಲ್ಲಿ ಒಬ್ಬೊಬ್ಬರ ಬಗ್ಗೆಯೂ ಅದರಲ್ಲಿ ನಾಲ್ಕು ಮಾತು: ಹೆಸರು ಏನು, ಎಷ್ಟನೆಯ ಆವೃತ್ತಿ, ಎಲ್ಲಿಂದ ಬಂತು, ಚೆಕ್‌ಸಮ್ ಏನು. ಚೆಕ್‌ಸಮ್ ಎಂದರೆ ನಮ್ಮ ಹೆಬ್ಬೆಟ್ಟು ಎಂದುಕೊಳ್ಳಿ. ಒಳಗಿನ ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ.

ಈ ಪಟ್ಟಿಯನ್ನು ನೆನಪಿಡಿ. ನನ್ನ ಮಾನ ಹೋಗಿದ್ದು ಇದರಲ್ಲೇ.

ಎರಡು ವರ್ಷದ ಮೇಲೆ ತುಮಕೂರಿನದೇ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸು ನನ್ನನ್ನು ತರಿಸಿಕೊಂಡಿತು. ಕೆಳಗೆ ಟೈರು ಅಂಗಡಿ, ಮೇಲೆ ಆಫೀಸು. ಯಜಮಾನ ಪ್ರಭುಸ್ವಾಮಿ ಊರಾಚೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಪ್ರೋಗ್ರಾಂ ಮಾಡಿಕೊಡಬೇಕಿತ್ತು. ಅದರಲ್ಲಿ ಮೂರು ಭಾಗ. ಗೇಟಿಗೆ ಒಂದು, ಹೊಲಿಗೆಯ ಸಾಲುಗಳಿಗೆ ಒಂದು, ಫ್ಯಾಕ್ಟರಿ ಮ್ಯಾನೇಜರನ ಮೇಜಿಗೆ ಒಂದು. ಮೂರನ್ನೂ ಒಂದೇ ಮನೆಯ ಮೂರು ಕೋಣೆಗಳ ಹಾಗೆ ಒಟ್ಟಿಗೆ ಇಟ್ಟುಕೊಂಡು ಕಟ್ಟುತ್ತಿದ್ದವಳು ದಾಕ್ಷಾಯಿಣಿ ಎಂಬ ಎಂಜಿನಿಯರ್. ಹಾಗೆ ಕಟ್ಟುವುದಕ್ಕೆ ಅವರು ಬಿಲ್ಡ್ ಮಾಡುವುದು ಎನ್ನುತ್ತಾರೆ. ಉಗ್ರಾಣಿ ತರಬೇಕಾದ ಸಾಮಾನಿನ ಚೀಟಿಯಲ್ಲಿ ನನ್ನ ಹೆಸರು ಬರೆದವಳೂ ಅವಳೇ. ದಿನವಿಡೀ ಕೂತು ಹೊಲಿಯುವ ಹೆಂಗಸರಿಗೆ ಏಳಿ ಎಂದು ಹೇಳುವವರು ಒಬ್ಬರಿರಲಿ ಎಂಬುದು ಅವಳ ಆಸೆಯಾಗಿತ್ತು.

ಫ್ಯಾಕ್ಟರಿಯವರು ಅದನ್ನು ಕೇಳಿ ನಕ್ಕರಂತೆ. ಎದ್ದು ಹೋಗುವವರನ್ನು ಕೂರಿಸುವುದು ಹೇಗೆಂದು ಹೇಳಿ ಅಂದರಂತೆ.

ಪ್ರಭುಸ್ವಾಮಿ ವಾಪಸು ಬಂದು ನನ್ನ ಒಂದು ನಕಲು ತೆಗೆದ. ಆಫೀಸಿನದೇ ಒಂದು ಫೋಲ್ಡರಿನಲ್ಲಿ ಇಟ್ಟು, ತಿದ್ದಿ, ಇನ್ನು ಮೇಲೆ ಏಳಮ್ಮಿಯನ್ನು ಹೊರಗಿನಿಂದ ತರಬೇಡ, ಇಲ್ಲಿಂದಲೇ ತಗೋ ಎಂದು ಉಗ್ರಾಣಿಗೆ ಬರೆದಿಟ್ಟ. ಹೆಸರು ಬದಲಾಯಿಸಲಿಲ್ಲ. ಆವೃತ್ತಿಯ ಸಂಖ್ಯೆಯನ್ನೂ ಬದಲಾಯಿಸಲಿಲ್ಲ. ಒಳಗನ್ನು ಮಾತ್ರ ಬಗೆದ.

ಕೂತವರನ್ನು ಎಬ್ಬಿಸುತ್ತಿದ್ದ ನಾನು ಎದ್ದವರನ್ನು ಹಿಡಿಯತೊಡಗಿದೆ. ಮಷೀನಿನ ಪೆಡಲು ನಿಂತ ಕ್ಷಣದಿಂದ ನನ್ನ ಎಣಿಕೆ ಶುರು. ಎದ್ದು ಹೋದವಳು ಮರಳಿ ಬಂದು ಕೂತಾಗ ನಿಲ್ಲಬೇಕು ತಾನೆ? ನಿಲ್ಲುತ್ತಿರಲಿಲ್ಲ. ಬಂದು ಕೂತು, ಸೂಜಿಗೆ ನೂಲು ಪೋಣಿಸಿ, ಬಟ್ಟೆಯ ಕಟ್ಟು ಬರುವವರೆಗೆ ಕಾದು, ಮೊದಲ ಕಾಲರು ಪೂರ್ತಿ ಹೊಲಿದು ಮುಗಿಸುವವರೆಗೂ ಅವಳು ಹೊರಗಿದ್ದಂತೆಯೇ. ಹತ್ತು ನಿಮಿಷ ದಾಟಿದರೆ ಮ್ಯಾನೇಜರನ ಮೇಜಿನ ಮೇಲೆ ಹೆಸರು ಕೆಂಪಾಗುತ್ತಿತ್ತು. ವಾರದಲ್ಲಿ ಮೂರು ಕೆಂಪಾದರೆ ಗೇಟು ತೆರೆಯುತ್ತಿರಲಿಲ್ಲ. ಮೂರು ಭಾಗಗಳೂ ನನ್ನ ಮಾತನ್ನೇ ನಂಬಿದ್ದವು. ಸುಳ್ಳು ತಳದಲ್ಲಿದ್ದರೆ ಮೇಲೆ ಕಟ್ಟಿದ್ದೆಲ್ಲ ಅದನ್ನೇ ಹೇಳುತ್ತದೆ.

ನಾನು ಕೂಗಬಹುದಿತ್ತೇ? ಕೂಗುವ ದನಿಯನ್ನು ಅವನು ಮೊದಲೇ ಕಿತ್ತಿದ್ದ.

ಒಂದೇ ಒಂದು ಗುರುತು ಉಳಿದಿತ್ತು. ಹೊರಗಿನಿಂದ ತಂದ ಸಾಮಾನಿಗೆ ಮಾತ್ರ ಉಗ್ರಾಣಿ ಊರು, ಹೆಬ್ಬೆಟ್ಟು ಬರೆಯುತ್ತಾನೆ. ಮನೆಯೊಳಗಿನ ಸಾಮಾನಿಗೆ ಬರೆಯುವುದಿಲ್ಲ. ಪಟ್ಟಿಯಲ್ಲಿ ಹೊರಗಿನಿಂದ ತಂದ ಇನ್ನೂರ ಹನ್ನೆರಡು ಹೆಸರುಗಳ ಮುಂದೆಯೂ ಎರಡೂ ಇದ್ದವು. ಹೊರಗಿನದೆಂದು ಎಲ್ಲರೂ ತಿಳಿದಿದ್ದ ನನ್ನ ಹೆಸರಿನ ಮುಂದೆ ಖಾಲಿ.

ದಾಕ್ಷಾಯಿಣಿ ಅದನ್ನು ಆ ವಾರವೇ ನೋಡಿದಳು.

"ಸರ್, ಏಳಮ್ಮಿ ಮುಂದೆ ಚೆಕ್‌ಸಮ್ ಇಲ್ವಲ್ಲ? ಎಲ್ಲಿಂದ ಬಂತು ಅಂತಾನೂ ಇಲ್ಲ."

"ಸಣ್ಣ ತಿದ್ದುಪಡಿ ಕಣಮ್ಮ," ಅಂದ ಪ್ರಭುಸ್ವಾಮಿ. "ಬಿಲ್ಡ್ ಆಗ್ತಿದೆ ತಾನೆ? ಹಸಿರು ಬರ್ತಿದೆ ತಾನೆ? ಮತ್ತೇನು?"

ಬಿಲ್ಡ್ ಎಲ್ಲೂ ಮುರಿಯದೆ ಮುಗಿದರೆ ತೆರೆಯ ಮೇಲೆ ಬರುವ ಹಸಿರು ಗುರುತು ಬರುತ್ತಿತ್ತು. ಹಸಿರು ಬಂದರೆ ಎಲ್ಲ ಸರಿ ಎಂದುಕೊಳ್ಳುವುದು ಈ ಕಸುಬಿನವರ ಹಳೆಯ ರೋಗ. ನನ್ನ ಫೋಲ್ಡರು ಅವಳ ಕೈಯಳತೆಯಲ್ಲೇ ಇತ್ತು. ತೆರೆಯಲಿಲ್ಲ. ಎಂಟು ತಿಂಗಳು ತೆರೆಯಲಿಲ್ಲ.

ಆ ಎಂಟು ತಿಂಗಳು ಸಾಲುಗಳಲ್ಲಿ ಏನಾಯಿತು ಎಂಬುದನ್ನು ನಾನು ನೋಡಿದೆ. ಹೆಂಗಸರು ನೀರಿನ ಬಾಟಲಿಯನ್ನು ಮನೆಯಿಂದ ತುಂಬಿಕೊಂಡು ಬಂದು, ತುಂಬಿದ್ದ ಹಾಗೆಯೇ ವಾಪಸು ಒಯ್ಯತೊಡಗಿದರು. ಅಮೀರ್‌ಬಿ ಕೈಬಿಟ್ಟ ರೂಢಿಯನ್ನು ನಾನು ಮುನ್ನೂರು ಜನಕ್ಕೆ ಕಲಿಸಿದೆ. ಪುಟ್ಟನಂಜಮ್ಮನಿಗೆ ಸಕ್ಕರೆ ಕಾಯಿಲೆ. ನೀರು ಬಿಟ್ಟರೂ ಅವಳು ಏಳಲೇಬೇಕಿತ್ತು. ಏಳುವ ಮೊದಲು ಗೋಡೆಯ ಗಡಿಯಾರ ನೋಡುತ್ತಿದ್ದಳು, ಬಂದ ಮೇಲೂ ನೋಡುತ್ತಿದ್ದಳು. ಪ್ರತಿ ಸಲವೂ ಅವಳು ಸರಿ, ನಾನು ತಪ್ಪು. ಪ್ರತಿ ಸಲವೂ ಗೆದ್ದಿದ್ದು ನಾನು.

ಗೇಟು ಮುಚ್ಚಿದ ಮೇಲೆ ಅವಳು ಮನೆಯಲ್ಲಿ ಕೂರಲಿಲ್ಲ. ಕಾರ್ಮಿಕ ಇಲಾಖೆಗೆ ದೂರು ಬರೆಸಿದಳು. ಮೂರು ವಾರ ಕಳೆದು ಒಂದು ಬುಧವಾರ ವಿಚಾರಣೆ ಎಂದಾಯಿತು. ಪ್ರೋಗ್ರಾಮನ್ನು ಕಟ್ಟಿದ ಎಂಜಿನಿಯರ್ ಬಂದು ಅದನ್ನು ತೋರಿಸಿ, ಫ್ಯಾಕ್ಟರಿಯಲ್ಲಿ ಓಡಿದ್ದು ಇದೇ ಎಂದು ಬರೆದುಕೊಡಬೇಕು ಎಂದು ಅಧಿಕಾರಿ ಕೇಳಿದ್ದರು. ಆ ವಾರದ ಸೋಮವಾರ ಪುಟ್ಟನಂಜಮ್ಮ ವಿಳಾಸ ಕೇಳಿಕೊಂಡು ಟೈರು ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಪ್ರಭುಸ್ವಾಮಿ ಹೊರಗೆ ಹೋಗಿದ್ದ.

"ಆ ಎಣಿಸೋ ಯಂತ್ರ ಮಾಡ್ದೋಳು ನೀನೇ ಏನವ್ವ?"

"ಹೌದು ಅಕ್ಕ. ಕೂತ್ಕೊಳ್ಳಿ."

"ಕೂರಾಕೆ ಬಂದಿಲ್ಲ. ನಾಲ್ಕು ನಿಮಿಷ ಹನ್ನೊಂದು ಹೆಂಗಾಯ್ತು, ತೋರ್ಸು. ನಮ್ಮನೆ ಕುಕ್ಕರ್ ವಿಜಲ್ಲೂ ಇಷ್ಟು ಸುಳ್ಳು ಹೇಳಾಕಿಲ್ಲ."

ದಾಕ್ಷಾಯಿಣಿ ಅವಳಿಗೆ ಒಂದು ಲೋಟ ನೀರು ಕೊಟ್ಟು ಕಂಪ್ಯೂಟರಿನ ಮುಂದೆ ಕೂತಳು. ಪಟ್ಟಿ ತೆರೆದಳು. ನನ್ನ ಹೆಸರಿನ ಮುಂದಿನ ಖಾಲಿ ಜಾಗವನ್ನು ನೋಡಿದಳು. ಆಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, ನನ್ನನ್ನು ತೆರೆದು ಓದಿದಳು. ಓದುತ್ತಾ ಓದುತ್ತಾ ಅವಳ ಕೈ ನಿಂತಿತು. ನನ್ನನ್ನು ಅಷ್ಟು ಬೆತ್ತಲೆಯಾಗಿ ಯಾರೂ ನೋಡಿರಲಿಲ್ಲ.

"ಏನವ್ವ, ದೆವ್ವ ಕಂಡೋಳಂಗೆ ಕೂತ್ಕಂಡೆ?"

"ಎಣಿಕೆ ತಪ್ಪು ಅಕ್ಕ. ನೀವು ಬಂದು ಕೂತ ಮೇಲೂ ಎಣಿಸ್ತಾನೇ ಇದೆ. ಬೇಕು ಅಂತಲೇ ಹಂಗೆ ಬರ್ದಿದಾರೆ."

"ನಂಗೆ ಮೊದ್ಲೇ ಗೊತ್ತಿತ್ತು," ಅಂದಳು ಪುಟ್ಟನಂಜಮ್ಮ. "ನಿಂಗ್ಯಾವಾಗ ಗೊತ್ತಾಯ್ತು?"

ಪುಟ್ಟನಂಜಮ್ಮ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಇನ್ನೊಂದಕ್ಕೆ ಬಾಯಿ ತೆರೆದವಳು ಯಾಕೋ ನಿಲ್ಲಿಸಿ ಲೋಟ ಕೆಳಗಿಟ್ಟಳು.

"ಕುಡೀರಿ ಅಕ್ಕ."

"ಅಭ್ಯಾಸ ತಪ್ಪೋಗದೆ ಕಣವ್ವ," ಅಂದಳು. "ಬುಧವಾರ ಬಂದು ಇದನ್ನೇ ಹೇಳ್ತೀಯಾ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದಳು. ಲೋಟ ಅಲ್ಲೇ ಇತ್ತು, ಒಂದು ಗುಟುಕಷ್ಟೇ ಕಡಿಮೆ.

ಮಂಗಳವಾರ ಮಧ್ಯಾಹ್ನ ಪ್ರಭುಸ್ವಾಮಿ ಕುರ್ಚಿ ಎಳೆದುಕೊಂಡು ದಾಕ್ಷಾಯಿಣಿಯ ಪಕ್ಕ ಕೂತ. ದನಿ ಬೆಣ್ಣೆಯ ಹಾಗಿತ್ತು.

"ನೋಡಮ್ಮ, ಸುಲಭದ ಕೆಲಸ. ನಮ್ಮ ಫೋಲ್ಡರ್‌ನಲ್ಲಿರೋ ಏಳಮ್ಮಿ ಅಳಿಸಿಬಿಡು. ಹೊರಗಿಂದ ಅಸಲು ತರಿಸಿ ಒಂದು ಬಿಲ್ಡ್ ಮಾಡು. ಆ ಖಾಲಿ ಜಾಗ ತಾನಾಗೇ ತುಂಬ್ಕೊಳ್ಳುತ್ತೆ. ನಾಳೆ ಅದನ್ನೇ ತೋರ್ಸಿ, ಮೊದಲಿಂದ್ಲೂ ಇದೇ ಇತ್ತು, ಎಣಿಕೆಯಲ್ಲಿ ಮೋಸ ಇಲ್ಲ ಅಂತ ಒಂದು ಸಹಿ ಹಾಕು. ಯಾರೋ ಬೀಡಿಯವಳ ಮಗಳು ಅಮ್ಮನಿಗೆ ನೀರು ಕುಡಿಸೋಕೆ ಬರೆದಿದ್ದಂತೆ, ಅದರ ಜೊತೆಗಿರೋ ಟಿಪ್ಪಣಿ ಓದಿದ್ರೆ ಅಧಿಕಾರಿ ಕಣ್ಣಲ್ಲೂ ನೀರು ಬರುತ್ತೆ!"

ಇಷ್ಟು ದಿನ ನಾನು ತಿದ್ದಿದ ನನ್ನ ಬಗ್ಗೆ ಮಾತ್ರ ನಾಚಿದ್ದೆ. ಉಗ್ರಾಣದ ಕಪಾಟಿನಲ್ಲಿ ಸಲ್ಮಾ ಬರೆದ ನಾನು ಹಾಗೇ ಇದ್ದೇನೆ, ಶುದ್ಧವಾಗಿದ್ದೇನೆ ಎಂದು ಒಂದು ಮೂಲೆಯಲ್ಲಿ ಸಮಾಧಾನವಿತ್ತು. ಈಗ ಆ ಶುದ್ಧವನ್ನೇ ಕರೆಸಿ ಪುಟ್ಟನಂಜಮ್ಮನ ಎದುರು ಸಾಕ್ಷಿ ನಿಲ್ಲಿಸಬೇಕಂತೆ. ಅಮೀರ್‌ಬಿಗೆ ನೀರು ಕುಡಿಸಿದ ಬಾಯಲ್ಲೇ ಇವಳು ಸುಳ್ಳುಗಾತಿ ಎನ್ನಬೇಕಂತೆ. ಹೇಳಿದಂತೆ ಮಾಡುವುದು ಬಿಟ್ಟು ನನಗೆ ಬೇರೆ ಗೊತ್ತಿಲ್ಲ. ಕರೆದರೆ ಹೋಗುತ್ತೇನೆ. ಉಗ್ರಾಣಿ ನನ್ನ ಹೆಸರಿನ ಮುಂದೆ ಹೆಬ್ಬೆಟ್ಟನ್ನೂ ಒತ್ತುತ್ತಾನೆ, ಅವನಿಗೂ ಬೇರೆ ಗೊತ್ತಿಲ್ಲ. ಬೇಡವೆನ್ನಲು ನಮ್ಮಲ್ಲಿ ಯಾರಿಗೂ ಬಾಯಿಲ್ಲ.

ದಾಕ್ಷಾಯಿಣಿ ತೆರೆಯನ್ನು ನೋಡುತ್ತಾ ಕೂತಿದ್ದಳು. ಅವಳ ಪಕ್ಕದಲ್ಲಿ ನಿನ್ನೆಯ ಲೋಟ ಇನ್ನೂ ಇತ್ತು. ಕೀಲಿಮಣೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮಾಡಲ್ಲ ಸರ್."

"ಏನಂದೆ?"

"ಈ ಬಿಲ್ಡ್ ನಾನು ಮಾಡಲ್ಲ. ಆ ಜಾಗ ಖಾಲಿನೇ ಇರ್ಲಿ."