ನಡುವೆ ಬಿಟ್ಟ ಕಾಡು

ವೆರ್ನೆಝಾಲ್ ಊರಿನ ರಸ್ತೆಗಳಷ್ಟು ಸದ್ದಿಲ್ಲದ ರಸ್ತೆ ಇಡೀ ಫ್ರಾನ್ಸಿನಲ್ಲಿಲ್ಲ, ಬಹುಶಃ ಚಂದ್ರನ ಮೇಲೂ ಇಲ್ಲ. ಅಲ್ಲಿ ಒಂದು ಕಾರು ಹಾದುಹೋದರೆ ಹಸುಗಳು ಮೂರು ದಿನ ಮೇವು ಬಿಟ್ಟು ಅದರ ಬಣ್ಣದ ಬಗ್ಗೆ ಯೋಚಿಸುತ್ತ ನಿಲ್ಲುತ್ತಿದ್ದವು. ಅಂಥ ರಸ್ತೆಗಳಲ್ಲಿ ಫಿರ್ಮೆಂ ಶಸ್ತಾಂ ಮೂವತ್ತೊಂದು ವರ್ಷ ಸೈಕಲ್ ತುಳಿದಿದ್ದ. ಅವನು ತುಳಿದ ದೂರವನ್ನು ಉದ್ದಕ್ಕೆ ಎಳೆದರೆ ಭೂಮಿಗೆ ಎರಡು ಸುತ್ತು ಸುತ್ತಿ, ಉಳಿದದ್ದರಲ್ಲಿ ಚರ್ಚಿನ ಗೋಪುರವನ್ನೂ ಕಟ್ಟಿಹಾಕಬಹುದಿತ್ತು. ಊರಿನ ಸೈಕಲ್ ಸಂಘದವರು ಅವನಿಗೆ ಎರಡು ಸಲ ಬಹುಮಾನವಾಗಿ ಹಿತ್ತಾಳೆಯ ಬಟ್ಟಲು ಕೊಟ್ಟು ಬೆನ್ನು ತಟ್ಟಿದ್ದರು.

ಆದರೆ ಫಿರ್ಮೆಂಗೆ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಏರು ಬಂದರೆ ಮಂಡಿ ನೋವು, ಇಳಿಜಾರು ಬಂದರೆ ಎದೆ ಢವಢವ. ಅವನಿಗೆ ಬೇಕಾಗಿದ್ದದ್ದು ಸೆಪ್ ಅಣಬೆ. ಲಾ ಬೋರಿ ಕಾಡಿನ ಒಳಗೆ, ಒಂದು ಹಳೆಯ ಓಕ್ ಮರದ ಬುಡದಲ್ಲಿ, ಮಳೆ ಬಿದ್ದ ಎಂಟನೇ ದಿನಕ್ಕೆ ಪಾದ್ರಿಯ ಟೋಪಿಯಷ್ಟು ಅಗಲದ ಸೆಪ್‌ಗಳು ಏಳುತ್ತಿದ್ದವು. ಕಾಡಿನ ಅಂಚಿನಲ್ಲಿ ಕಾರು ನಿಲ್ಲಿಸಿದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಸೈಕಲ್ಲಾದರೆ ಜರಿಗಿಡಗಳ ನಡುವೆ ಮಲಗಿಸಿ ಮರೆಮಾಡಬಹುದು. ಹಾಗಾಗಿ ಸೈಕಲ್ಲು, ಹಾಗಾಗಿ ಬಟ್ಟಲು.

ಆ ಸೀಮೆಯಲ್ಲಿ ಅಣಬೆಯ ಜಾಗವನ್ನು ಸಾಯುವಾಗ ಮಾತ್ರ ಹೇಳುತ್ತಾರೆ, ಅದೂ ಒಬ್ಬರಿಗೆ ಮಾತ್ರ. ಫಿರ್ಮೆಂನ ಅಪ್ಪ ಡಾಕ್ಟರನ್ನೂ ಪಾದ್ರಿಯನ್ನೂ ಕೋಣೆಯಿಂದ ಹೊರಗೆ ಕಳಿಸಿ ಹೇಳಿದ್ದ. ಒಂದು ವೇಳೆ ತಾನು ಬದುಕಿಬಿಟ್ಟರೆ ಎಂಬ ಅನುಮಾನದಿಂದ ಅರ್ಧ ಹೇಳಿ ನಿಲ್ಲಿಸಿದ, ಆಮೇಲೆ ಸತ್ತ. ಉಳಿದರ್ಧವನ್ನು ಹುಡುಕಲು ಫಿರ್ಮೆಂಗೆ ನಾಲ್ಕು ಶರತ್ಕಾಲ ಹಿಡಿಯಿತು. ಹೆಂಡತಿ ಜಿಲ್ಬೆರ್ತ್‌ಗೂ ಅವನು ಹೇಳಿರಲಿಲ್ಲ. ಹೆಂಡತಿ ಒಳ್ಳೆಯವಳೇ, ಆದರೆ ಅವಳಿಗೂ ಬಾಯಿ ಇತ್ತು, ಆ ಬಾಯಿಗೆ ಒಬ್ಬ ತಂಗಿಯೂ ಇದ್ದಳು.

ಆ ಸೆಪ್ಟೆಂಬರಿನ ಮಂಗಳವಾರ ಬೆಳಿಗ್ಗೆ ಫಿರ್ಮೆಂ ಓಕ್ ಮರದ ಬುಡದಲ್ಲಿ ಹದಿನಾಲ್ಕು ಮರಿ ಸೆಪ್ ನೋಡಿದ. ಹೆಬ್ಬೆರಳಿನಷ್ಟಿದ್ದವು. ಭಾನುವಾರಕ್ಕೆ ಹದವಾಗುತ್ತವೆ, ಮುಂದಿನ ಬುಧವಾರಕ್ಕೆ ಹುಳು ಬೀಳುತ್ತದೆ ಎಂದು ಲೆಕ್ಕ ಹಾಕಿ, ಎಲೆ ಮುಚ್ಚಿ, ಸೈಕಲ್ಲನ್ನು ಜರಿಗಿಡದಿಂದ ಎಳೆದು ರಸ್ತೆಗೆ ತಂದ. ತಿರುವಿನಲ್ಲೇ ಒಬ್ಬ ಹೆಂಗಸು ಸೈಕಲ್ಲಿಗೆ ಒರಗಿ ನಿಂತು ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಬೆರಾಂಜೇರ್! ಹೋದ ಚಳಿಗಾಲದಲ್ಲಿ ಲೀಲ್ ಪಟ್ಟಣದಿಂದ ಬಂದು ಮನೆ ಮಾಡಿದವಳು, ನಿವೃತ್ತ ಲೆಕ್ಕದ ಟೀಚರು.

"ಅಯ್ಯೋ, ಶಸ್ತಾಂ ಅವರೇ! ಚರಂಡಿಗೆ ಬಿದ್ರಾ?"

"ಇಲ್ಲ ಮದಾಂ. ಒಂದಕ್ಕೆ ಹೋಗಿದ್ದೆ."

"ಸೈಕಲ್ ಎತ್ಕೊಂಡಾ?"

"ಕಳ್ಳರ ಕಾಟ."

"ಈ ರಸ್ತೇಲಿ ಒಂದು ನರಪಿಳ್ಳೆ ಇಲ್ವಲ್ಲ!"

"ಅದಕ್ಕೇ ಹೇಳಿದ್ದು ಮದಾಂ. ಜನ ಇಲ್ಲದ ಕಡೆ ಬರೋರು ಇನ್ಯಾರು?"

ಬೆರಾಂಜೇರ್ ನಕ್ಕು ಪುಸ್ತಕದಲ್ಲಿ ಇನ್ನೊಂದು ಸಾಲು ಬರೆದಳು. ಆ ಒಂದು ಸಾಲು ಫಿರ್ಮೆಂನ ಹೊಟ್ಟೆಯೊಳಗೆ ಹೊಕ್ಕು ಅಲ್ಲೇ ಬಿಡಾರ ಹೂಡಿತು.

ಮಧ್ಯಾಹ್ನ ಸೂಪು ತಣ್ಣಗಾಗುತ್ತಿದ್ದರೂ ಅವನು ಚಮಚ ಎತ್ತಲಿಲ್ಲ. "ಆ ಲೀಲ್‌ನೋಳು ಏನು ಬರ್ಕೊಂಡಿರಬಹುದು?"

"ರಸ್ತೆ ಎಷ್ಟುದ್ದ ಅಂತ ಬರ್ಕೊಂಡಿರ್ತಾಳೆ," ಅಂದಳು ಜಿಲ್ಬೆರ್ತ್. "ಸಂಘದೋರು ಭಾನುವಾರ ನಡೆಯೋ ಶರತ್ಕಾಲದ ಸವಾರಿಗೆ ದಾರಿ ಹುಡುಕು ಅಂತ ಅವಳಿಗೇ ವಹಿಸಿದಾರಲ್ಲ."

"ಇಷ್ಟೊಂದು ರಸ್ತೆ ಇರೋ ಊರಲ್ಲಿ ಅದೇ ರಸ್ತೆ ಯಾಕೆ ಬೇಕಿತ್ತು?"

ಜಿಲ್ಬೆರ್ತ್ ಬ್ರೆಡ್ಡು ಕೊಯ್ಯುತ್ತಿದ್ದವಳು ಚಾಕು ನಿಲ್ಲಿಸಿದಳು. "ಅದೇ ರಸ್ತೆ ಅಂದ್ರೆ ಯಾವ ರಸ್ತೆ?"

ಫಿರ್ಮೆಂ ಇಡೀ ತಟ್ಟೆ ಸೂಪನ್ನು ಒಂದೇ ಉಸಿರಿಗೆ ಕುಡಿದು ಎದ್ದುಹೋದ.

ಬುಧವಾರ ಅವನು ಬೆರಾಂಜೇರ್‌ಳ ಬೆನ್ನು ಹತ್ತಿದ. ಅವಳು ನಿಂತಲ್ಲಿ ನಿಂತ, ತುಳಿದಲ್ಲಿ ತುಳಿದ, ಒಂದು ಕಡೆ ಹಸುವಿನ ಹಿಂದೆ ಅಡಗಿದ. ಹಸು ಸರಿದುಹೋದಾಗ ಹಸುವಿನ ಜೊತೆಗೆ ತಾನೂ ಸರಿದ. ಅವಳು ಕೊನೆಗೆ ಹೋಗಿ ನಿಂತದ್ದು ಎಲ್ಲಿ? ಲಿಯೋನ್ಸ್‌ನ ಮನೆ ಬಾಗಿಲಲ್ಲಿ! ಲಿಯೋನ್ಸ್ ಊರಿನ ಹಳೇ ಬೇಕರಿಯವನು, ಸೈಕಲ್ ಸಂಘದ ಅಧ್ಯಕ್ಷ. ಫಿರ್ಮೆಂನ ಜಾಗ ಹುಡುಕಿ ಹುಡುಕಿ ಇಪ್ಪತ್ತು ಜೊತೆ ಬೂಟು ಸವೆಸಿದವನು. ಅವನು ಅವಳಿಗೆ ಅಕ್ರೋಟಿನ ಕೇಕು ಕೊಟ್ಟ. ತನ್ನ ಸ್ವಂತ ತಾಯಿಗೂ ತುಂಡು ಅಳೆದು ಕೊಡುತ್ತಿದ್ದ ಮನುಷ್ಯ ಇಡೀ ಕೇಕು ಕೊಟ್ಟ! ಇನ್ನು ಸಾಕ್ಷಿ ಬೇಕೇ?

ಗುರುವಾರ ಸಂಜೆ ಪಂಚಾಯಿತಿ ಕಟ್ಟಡದ ಮಹಡಿಯಲ್ಲಿ ಸಂಘದ ಸಭೆ. ಮೂವತ್ತೆರಡು ಸದಸ್ಯರಲ್ಲಿ ಮೂವತ್ತೆರಡೂ ಮಂದಿ ಬಂದಿದ್ದರು. ಬೆರಾಂಜೇರ್ ಮೇಜಿನ ಮೇಲೆ ನಕ್ಷೆ ಹರಡಿದಳು.

"ಮೂರು ದಾರಿ ನೋಡಿದೀನಿ. ಒಂದು ಗಿರಣಿ ಪಕ್ಕ. ಒಂದು ಗುಡ್ಡದ ಮೇಲಿನ ಚಾಪೆಲ್ ಕಡೆ. ಇನ್ನೊಂದು ಲಾ ಬೋರಿ ಕಾಡಿನೊಳಗೆ. ನಂಗಂತೂ ಕಾಡಿಂದೇ ಇಷ್ಟ, ಅಷ್ಟು ನಿಶ್ಶಬ್ದ."

ಫಿರ್ಮೆಂ ಒಳಗೊಳಗೇ ಲೆಕ್ಕ ಹಾಕಿದ. ಬೇಡ ಅಂದರೆ ಲಿಯೋನ್ಸ್‌ಗೆ ಗೊತ್ತಾಗುತ್ತದೆ. ಬೇಡ ಅನ್ನದಿದ್ದರೆ ಭಾನುವಾರ ಅರವತ್ತೆರಡು ಕಾಲು ಅವನ ಓಕ್ ಮರದ ಪಕ್ಕದಲ್ಲೇ ಇಳಿದು ದಣಿವಾರಿಸಿಕೊಳ್ಳುತ್ತವೆ. ಆಗ ಅವನ ತಲೆಯಲ್ಲಿ ಒಂದು ಉಪಾಯ ಮಿಂಚಿತು. ಅಷ್ಟು ಜಾಣ ಉಪಾಯ ಆ ಸೀಮೆಯಲ್ಲಿ ನೂರು ವರ್ಷದಿಂದ ಯಾರಿಗೂ ಹೊಳೆದಿರಲಿಲ್ಲ ಎಂದು ಅವನಿಗೇ ಅನ್ನಿಸಿತು. ಮೂರನ್ನೂ ಬೇಡ ಅನ್ನಬೇಕು!

"ಗಿರಣಿ ಹತ್ರ ಬಾತುಕೋಳಿ ಇದಾವೆ," ಅಂದ. "ಹೋದ ವರ್ಷ ಒಬ್ಬ ಬೆಲ್ಜಿಯಂನೋನ ಸೀಟು ಕಿತ್ಕೊಂಡು ಹೋದ್ವು. ಚಾಪೆಲ್ ಏರು ಹತ್ತಿದ್ರೆ ನಮ್ಮಲ್ಲಿ ಅರ್ಧ ಜನ ನೇರ ಸ್ವರ್ಗಕ್ಕೇ. ಕಾಡಿನೊಳಗೆ ಕಣಜದ ಹುಳು. ಗುಬ್ಬಚ್ಚಿ ಗಾತ್ರ. ಹೆಲ್ಮೆಟ್ಟೊಳಗೆ ಗೂಡು ಕಟ್ತವೆ."

"ನಿಂತ್ಕೊಂಡಿದ್ದ ಹಾಗೇನಾ?" ಅಂತ ಯಾರೋ ಕೇಳಿದರು.

"ತುಳೀತಿರೋವಾಗಲೇ."

ಲಿಯೋನ್ಸ್ ಮೀಸೆ ಸವರಿಕೊಂಡ. "ಹಾಗಾದ್ರೆ ನೀನೇ ಬರಿಯೋ ಮಾರಾಯ. ಮೂವತ್ತು ವರ್ಷ ತುಳಿದೋನು, ಎರಡು ಬಟ್ಟಲು ಹೊಡ್ಕೊಂಡೋನು. ತಗೋ ಪೆನ್ಸಿಲ್ಲು."

ಫಿರ್ಮೆಂ ಪೆನ್ಸಿಲ್ ಹಿಡಿದ. ಊರಿನಿಂದ ಹೊರಟ. ಮೊದಲ ಕವಲಿನಲ್ಲಿ ಕಾಡಿನೊಳಗೆ ಹೋಗುವ ರಸ್ತೆ ಬಿಟ್ಟು ಹೊಲದ ಬದಿ ಹಿಡಿದ. ಎರಡನೇ ಕವಲಿನಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಗೆರೆ ನುಣ್ಣಗೆ ಸಾಗಿ ಬಂದು ಊರಿನ ಹತ್ತಿರ ತನ್ನ ಬಾಲವನ್ನು ತಾನೇ ಮುಟ್ಟಿತು. ಹದಿನೇಳು ಕಿಲೋಮೀಟರು. ಹೆಮ್ಮೆಯಿಂದ ಪೆನ್ಸಿಲ್ ಕೆಳಗಿಟ್ಟ.

ಮೂವತ್ತೊಂದು ತಲೆ ನಕ್ಷೆಯ ಮೇಲೆ ಬಾಗಿದವು. ನಕ್ಷೆಯಲ್ಲಿ ಬಳೆಯಷ್ಟು ಗುಂಡಗಿನ ಒಂದು ಸುತ್ತು ಇತ್ತು, ಸುತ್ತಿನ ನಟ್ಟನಡುವೆ, ಕೊರಳಿಗೆ ಹಾರ ಹಾಕಿಸಿಕೊಂಡ ಹಾಗೆ, ಲಾ ಬೋರಿ ಕಾಡು ಒಂದೇ ಕೂತಿತ್ತು.

ಲಿಯೋನ್ಸ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಎಷ್ಟು ಚಂದದ ದಾರಿ," ಅಂದ ಮೆಲ್ಲಗೆ. "ಒಪ್ಪಿಗೆ ಇದ್ದೋರು ಕೈ ಎತ್ತಿ."

ಮೂವತ್ತೊಂದು ಕೈ ಎದ್ದವು. ಬೆರಾಂಜೇರ್ ಬಿಟ್ಟು ಉಳಿದ ಯಾರೂ ನಕ್ಷೆಯಿಂದ ಕಣ್ಣು ತೆಗೆಯಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಚರ್ಚಿನ ಮುಂದೆ ಸವಾರಿ ಹೊರಡಬೇಕು. ದಾರಿ ಬರೆದವನೇ ದಾರಿ ತೋರಿಸಬೇಕೆಂದು ಫಿರ್ಮೆಂನ ತೋಳಿಗೆ ಹಳದಿ ಪಟ್ಟಿ ಕಟ್ಟಿದ್ದರು. ಬಂದವಳು ಬೆರಾಂಜೇರ್ ಒಬ್ಬಳೇ. ಉಳಿದವರಿಂದ ಸಂದೇಶ ಬಂದವು: ಒಬ್ಬನಿಗೆ ಮಂಡಿ, ಒಬ್ಬನಿಗೆ ಚಕ್ರ, ಒಬ್ಬಳಿಗೆ ದೊಡ್ಡಮ್ಮನ ಸಾವು. ಆ ದೊಡ್ಡಮ್ಮ ಹಿಂದಿನ ಮೂರು ಶರತ್ಕಾಲದಲ್ಲೂ ಸತ್ತಿದ್ದಳು.

"ಪಾಪ, ಎಲ್ಲರಿಗೂ ಒಂದೇ ದಿನ!" ಅಂದಳು ಬೆರಾಂಜೇರ್.

ಫಿರ್ಮೆಂ ಮುಂದೆ, ಅವಳು ಹಿಂದೆ, ಇಬ್ಬರೇ ಹೊರಟರು. ಮಂಜು ಆಗಷ್ಟೇ ಕರಗಿತ್ತು. ಮೊದಲ ಕವಲಿನಲ್ಲಿ ಜರಿಗಿಡಗಳ ನಡುವೆ ಒಂದು ಸೈಕಲ್ಲಿನ ಹಿಡಿಕೆ ಹೊಳೆಯಿತು. ಮುಂದೆ ಎರಡು. ಆಮೇಲೆ ಎಣಿಸುವುದನ್ನು ಬಿಟ್ಟ. ಒಂದು ಪೊದೆಯ ಮೇಲೆ ಲಿಯೋನ್ಸ್‌ನ ನೀಲಿ ಟೋಪಿಯ ತುದಿ ಕಂಡು ಮರೆಯಾಯಿತು. ಹತ್ತಿರ ಬರುತ್ತಿದ್ದಂತೆ ಆ ಪೊದೆ ಕೆಮ್ಮಿತು.

"ಈಗ ಗಿಡ ಕೆಮ್ಮಿತಾ?"

"ಜರಿಗಿಡಕ್ಕೆ ಈ ಕಾಲದಲ್ಲಿ ನೆಗಡಿ ಆಗುತ್ತೆ ಮದಾಂ. ತುಳೀರಿ."

ಆಗ ಅವನಿಗೆ ಪೂರ್ತಿ ಅರ್ಥವಾಯಿತು. ಕಾಡು ಅರ್ಧ ಪ್ಯಾರಿಸ್ಸನ್ನು ನುಂಗುವಷ್ಟು ದೊಡ್ಡದು, ಓಕ್ ಮರಗಳು ಆಕಾಶದ ನಕ್ಷತ್ರದಷ್ಟು. ಅವರಿಗೆ ಕಾಡು ಗೊತ್ತಾಗಿದೆ, ಮರ ಗೊತ್ತಾಗಿಲ್ಲ. ಅವರು ಅಣಬೆ ಹುಡುಕುತ್ತಿಲ್ಲ. ಪೊದೆ ಪೊದೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಅವನು ಸೈಕಲ್ ಇಳಿಯುವುದನ್ನೇ ಕಾಯುತ್ತಿದ್ದಾರೆ.

ಹದಿನಾಲ್ಕು ಸೆಪ್. ಇವತ್ತು ಒಂದೊಂದೂ ಅಂಗೈಯಷ್ಟು, ಗಟ್ಟಿ, ಬೆಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಚಟಪಟ ಅನ್ನುವ ಹದ. ಏರಿನ ಮೇಲೆ ಅವನ ಓಕ್ ಮರದ ತಲೆ ರಸ್ತೆಗೇ ಕಾಣುತ್ತಿತ್ತು. ಅವನು ಥಟ್ಟನೆ ಮುಖವನ್ನು ಆಚೆ ಬದಿಯ ಬೀಟ್‌ರೂಟ್ ಹೊಲಕ್ಕೆ ತಿರುಗಿಸಿದ. ತಿರುಗಿಸಿದ ಮೇಲೆ ಹೊಳೆಯಿತು: ಕಣ್ಣು ತಪ್ಪಿಸಿದರೂ ಲಿಯೋನ್ಸ್ ಓದಿಕೊಳ್ಳುತ್ತಾನೆ, ನಕ್ಷೆ ಓದಿದ ಹಾಗೇ. ಮತ್ತೆ ಮುಖ ತಿರುಗಿಸಿ ಓಕನ್ನು ನೋಡಿದ; ಪಕ್ಕದ ಚೆಸ್ಟ್‌ನಟ್ ಮರವನ್ನು ಎಷ್ಟು ಹೊತ್ತು ನೋಡಿದನೋ ಅಷ್ಟೇ ಹೊತ್ತು, ಅದರಾಚೆಯ ಬೇಲಿಗೂಟವನ್ನು ಎಷ್ಟು ಹೊತ್ತು ನೋಡಿದನೋ ಅಷ್ಟೇ ಹೊತ್ತು. ಅವನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಸುತ್ತು ಮುಗಿದು ಊರಿನ ಫಲಕ ಕಂಡಿತು. ಇಲ್ಲಿ ನಿಲ್ಲಿಸಿ ಮನೆಗೆ ಹೋದರೆ, ಅವರು ದಿನವಿಡೀ ಸುಮ್ಮನೆ ಕೂರುವವರಲ್ಲ. ಎದ್ದು ಮರ ಮರದ ಬುಡ ತಡವುತ್ತಾರೆ. ಅವನು ಇಳಿಯಬಹುದೆಂಬ ಆಸೆ ಇರುವಷ್ಟು ಹೊತ್ತು ಮಾತ್ರ ಅಲ್ಲಾಡುವುದಿಲ್ಲ.

"ಇನ್ನೊಂದು ಸುತ್ತು ಹೋಗೋಣ್ವಾ ಮದಾಂ?"

"ನಿಜವಾಗ್ಲೂ? ನಿಮ್ಮ ಮಂಡಿ ನೋವು?"

"ಮಂಡಿ ಇದೆ, ನೋವಿಲ್ಲ."

ಹೋದರು. ಮೂರನೇ ಸುತ್ತಿಗೆ ಪೊದೆಗಳಿಂದ ನಿಟ್ಟುಸಿರು ಕೇಳಿಸಿತು, ನಾಲ್ಕನೆಯದಕ್ಕೆ ಒಂದು ಬೈಗುಳ, ಐದನೆಯದಕ್ಕೆ ಯಾರದೋ ಹೊಟ್ಟೆ ಗುರ್ರೆಂದದ್ದು. ಸೋಮವಾರ ಹೊಸ ಕಾವಲು ಕೂತಿತು. ಬೆರಾಂಜೇರ್ ಜೊತೆ ಅವನು ಮತ್ತೆ ತುಳಿದ. ಮಂಗಳವಾರವೂ ತುಳಿದ. ಬುಧವಾರ ಸಂಜೆ ಗಾಳಿ ಕಾಡಿನ ಕಡೆಯಿಂದ ಬೀಸಿತು. ಅದರಲ್ಲಿ ಹದ ಮೀರಿ ಕರಗಿದ ಸೆಪ್‌ನ ಸಿಹಿ ವಾಸನೆ ಇತ್ತು, ಅವನೊಬ್ಬನ ಮೂಗಿಗೆ ಮಾತ್ರ. ಹದಿನಾಲ್ಕೂ ಹೋಗಿದ್ದವು. ಮರ ಉಳಿದಿತ್ತು.

"ಎಂಥಾ ರಸ್ತೆ, ಶಸ್ತಾಂ ಅವರೇ!" ಹಿಂದಿನಿಂದ ಬೆರಾಂಜೇರ್ ಕೂಗಿದಳು. "ಎಷ್ಟು ಸಲ ಬಂದ್ರೂ ಒಬ್ಬರೂ ಸಿಗಲ್ಲ!"

ಫಿರ್ಮೆಂ ಒದ್ದೆಯಾದ ಕಣ್ಣನ್ನು ತೋಳಿನಿಂದ ಒರೆಸಿಕೊಂಡ. ಓಕನ್ನು ನೋಡಿದ, ಚೆಸ್ಟ್‌ನಟ್ಟನ್ನು ನೋಡಿದ, ಬೇಲಿಗೂಟವನ್ನು ನೋಡಿದ, ಎಲ್ಲವನ್ನೂ ಒಂದೇ ಸಮ. ಮತ್ತೆ ಪೆಡಲು ತುಳಿದ.